ಮೆಟ್ಟಿಲ ಬದಿಯ ಗೋಡೆ

"ನಿಲ್ಲಿ, ಭಾವ!"

ಬೆಲಾರ್ಮಿನೊ ನಿಲ್ಲಲಿಲ್ಲ. ಹತ್ತಡಿ ಉದ್ದದ ಪಿಂಗಾಣಿ ಹಲಗೆಯ ಆ ತುದಿ ಅವನ ಕೈಯಲ್ಲಿತ್ತು, ಈ ತುದಿ ಡೆಲ್ಫಿನಾಳ ಕೈಯಲ್ಲಿ. ಗಾಳಿ ಹೀರಿ ಕಚ್ಚಿಕೊಳ್ಳುವ ರಬ್ಬರ್ ಬಟ್ಟಲುಗಳ ಚೌಕಟ್ಟಿಗೆ ಅಂಟಿಕೊಂಡು ಅದು ರಟ್ಟಿನ ಹಾಗೆ ಬಳುಕುತ್ತಿತ್ತು. ಕಿರುಬೆರಳಿನ ಅರ್ಧದಷ್ಟೂ ದಪ್ಪವಿಲ್ಲದ ಹಲಗೆ. ಇನ್ನೊಂದು ಹೆಜ್ಜೆ ಮುಂದಿಟ್ಟರೆ ಅದರ ಮೂಲೆ ಮೆಟ್ಟಿಲ ಕಬ್ಬಿಣದ ಕಟಕಟೆಗೆ ತಾಗಿ ಚೂರಾಗುತ್ತಿತ್ತು.

"ಭಾವಾ, ನಿಲ್ಲಿ ಅಂದೆ!"

ಅವನು ಆ ಹೆಜ್ಜೆಯನ್ನು ಇಟ್ಟೇಬಿಟ್ಟ. ಡೆಲ್ಫಿನಾ ಬೇರೆ ದಾರಿ ಕಾಣದೆ ಮೊಣಕಾಲೂರಿ ತನ್ನ ತುದಿಯನ್ನು ಕೆಳಕ್ಕೆಳೆದಳು. ಮೂಲೆ ಕಟಕಟೆಯನ್ನು ಕೂದಲೆಳೆಯಷ್ಟರಲ್ಲಿ ತಪ್ಪಿಸಿಕೊಂಡು ಆಚೆ ಹೋಯಿತು.

"ಯಾಕೆ, ಕೂತೇಬಿಟ್ಟೆ? ಹಸಿವಾಯ್ತಾ ಅಮ್ಮಣ್ಣಿಗೆ?" ಎಂದು ಬೆಲಾರ್ಮಿನೊ ನಕ್ಕ.

ಅವಳೂ ನಗುವ ಹಾಗೆ ಮಾಡಿದಳು. ಹಲಗೆಯನ್ನು ಗೋಡೆಗೆ ಒತ್ತಿ, ಅಂಟುಗಾರೆ ಎಲ್ಲ ಕಡೆ ಹಿಡಿಯುವಂತೆ ಮೇಲಿನಿಂದ ಕೆಳಗೆ ಉಜ್ಜತೊಡಗಿದಳು. ಅವನು ಹಟಕ್ಕೆ ನಿಲ್ಲದೆ ಹೋದದ್ದಲ್ಲ, ಅವನಿಗೆ ಕೇಳಿಸಿಯೇ ಇರಲಿಲ್ಲ ಎಂದು ಮೊದಲ ಸಲ ಅವಳಿಗೆ ಅನ್ನಿಸಿತು. ಅನ್ನಿಸಿದ ಕೂಡಲೇ ಬೇರೆಯವೆಲ್ಲ ಸಾಲುಗಟ್ಟಿ ಬಂದವು. ಗಾಡಿಯಲ್ಲಿ ಅವನು ರೇಡಿಯೋ ಹಾಕುವುದು ನಿಂತುಹೋಗಿತ್ತು. ಭಾನುವಾರದ ಊಟದಲ್ಲಿ ಎಲ್ಲರೂ ನಕ್ಕ ಮೇಲೆ ಒಂದು ಗಳಿಗೆ ತಡೆದು ಅವನು ನಗುತ್ತಿದ್ದ. ಏನು ಕೇಳಿದರೂ "ಹ್ಞೂಂ, ಮಾಡೋಣ" ಎನ್ನುತ್ತಿದ್ದ.

ಆ ಚಿಂತೆಯ ಹಿಂದೆಯೇ ಇನ್ನೊಂದು ಬಂತು. ಈ ಗೋಡೆಯನ್ನೆಲ್ಲ ಬಡಿದು ನೋಡಿದವನು ಅವನೇ.

ಫಾಲ್ ರಿವರ್ ಊರಿನ ಏರುದಾರಿಯ ಮೇಲಿದ್ದ ಆ ಪ್ರಾಥಮಿಕ ಶಾಲೆಗೆ ನೂರು ವರ್ಷವಾಗಿತ್ತು. ಕಡಿಮೆ ಇಂಧನ, ಕಡಿಮೆ ವಿದ್ಯುತ್ತಿನಲ್ಲಿ ಬೆಚ್ಚಗಿರುವಂತೆ ಅದನ್ನು ದುರಸ್ತಿ ಮಾಡುತ್ತಿದ್ದರು. ಅರ್ಧ ಕಟ್ಟಡದಲ್ಲಿ ಕೆಲಸ, ಇನ್ನರ್ಧದಲ್ಲಿ ಪಾಠ. ಮುಂಬಾಗಿಲ ಮೆಟ್ಟಿಲ ಬದಿಯ ಗೋಡೆಗೆ ಎರಡಾಳೆತ್ತರ ಹಳೆಯ ಹಸಿರು ಟೈಲ್ ಇತ್ತು. ಒಡೆದು ತೆಗೆದರೆ ಅದರ ಬಣ್ಣದಲ್ಲಿರುವ ಸೀಸ ಧೂಳಾಗಿ ಏಳುತ್ತದೆ, ಲಾರಿಗಟ್ಟಲೆ ಕಸ ಊರಾಚೆಯ ಗುಂಡಿಗೆ ಹೋಗುತ್ತದೆ. ಹಾಗಾಗಿ ಇದ್ದದ್ದನ್ನು ಇದ್ದ ಹಾಗೆ ಬಿಟ್ಟು ಮೇಲೆ ಈ ತೆಳು ಹಲಗೆ ಅಂಟಿಸುವುದು ಎಂದಾಗಿತ್ತು. ಹಗುರ, ಗೋಡೆಗೆ ಭಾರವಾಗದು. ಆದರೆ ಅಡಿಯಲ್ಲಿರುವ ಹಳೆಯದು ಗಟ್ಟಿಯಾಗಿರಬೇಕು. ಟೊಳ್ಳಿದ್ದ ಕಡೆ ಒಡೆದು ತುಂಬಿಯೇ ಮುಂದುವರಿಯಬೇಕು. ಆ ಟೊಳ್ಳನ್ನು ಹುಡುಕುವುದು ಕಿವಿಯಿಂದ. ಬೆಲಾರ್ಮಿನೊ ಎರಡು ದಿನ ಸುತ್ತಿಗೆಯ ಹಿಡಿಯಿಂದ ಗೋಡೆಯನ್ನೆಲ್ಲ ಬಡಿದು, ಅಲ್ಲೊಂದು ಇಲ್ಲೊಂದು ಸೀಮೆಸುಣ್ಣದ ಗುರುತು ಹಾಕಿದ್ದ. ಇಷ್ಟು ಹಳೆಯ ಗೋಡೆಗೆ ಇಷ್ಟೇನಾ ಎಂದು ಅವಳಿಗೆ ಆಶ್ಚರ್ಯವಾಗಿತ್ತು. ಕೇಳಿರಲಿಲ್ಲ. ಈ ಕೆಲಸದಲ್ಲಿ ಅವನ ಮಾತಿನ ಮೇಲೆ ಅವಳು ಮಾತಾಡಿದವಳಲ್ಲ.

ಗಂಡ ಗಾಸ್ಪರ್ ತೀರಿಕೊಂಡಾಗ ಡೆಲ್ಫಿನಾ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಹಾಕುತ್ತಿದ್ದಳು. ಅದೂ ಮುಚ್ಚಿತು. ಗಾಸ್ಪರನ ಅಣ್ಣ ಬೆಲಾರ್ಮಿನೊ ಬಂದು, "ಬಾ, ಗಾರೆ ಕಲಸೋದಕ್ಕೆ ಗಂಡಸೇ ಆಗಬೇಕು ಅಂತ ಯಾರೂ ಬರೆದಿಟ್ಟಿಲ್ಲ" ಎಂದು ಕರೆದುಕೊಂಡು ಹೋಗಿದ್ದ. ಕರಣೆ ಹಿಡಿಯುವುದರಿಂದ ಹಿಡಿದು ಎಲ್ಲವನ್ನೂ ಅವನೇ ಕಲಿಸಿದ್ದು.

ಮಧ್ಯಾಹ್ನ ಅವನು ಗಾಡಿಯಲ್ಲಿ ಕೂತು ಬುತ್ತಿಯ ಸೊಪ್ಪಿನ ಸಾರು ಕುಡಿಯಲು ಹೋದ. "ನೀವು ಶುರುಮಾಡಿ, ಬಂದೆ" ಎಂದು ಕೈಸನ್ನೆ ಮಾಡಿ ಡೆಲ್ಫಿನಾ ಸುತ್ತಿಗೆ ಎತ್ತಿಕೊಂಡು ಕೆಳಗಿನ ಮೆಟ್ಟಿಲಿಗೆ ಇಳಿದಳು.

ನಿನ್ನೆ ಅಂಟಿಸಿದ ನಾಲ್ಕು ಹಲಗೆಗಳು ಅಲ್ಲಿ ಸಾಲಾಗಿ ಮಿನುಗುತ್ತಿದ್ದವು. ಅವುಗಳ ಆಚೆ, ಇನ್ನೂ ಬರಿಗೋಡೆ ಇದ್ದಲ್ಲಿ, ಹಸಿರು ಟೈಲಿನ ಮೇಲೆ ಮೆಲ್ಲಗೆ ಬಡಿದಳು. ಟಕ್, ಟಕ್. ಗಟ್ಟಿ. ಒಂದು ಮಾರು ಈಚೆ ಬಂದು ಬಡಿದಳು. ಡಬ್.

ಮೇಲೆ ಬಡಿದಳು, ಕೆಳಗೆ ಬಡಿದಳು. ಡಬ್, ಡಬ್. ಖಾಲಿ ಪೀಪಾಯಿ ಬಡಿದಂತೆ. ಒಂದಾದರೂ ಗುರುತಿಲ್ಲ. ಹೊಸ ಹಲಗೆಯ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿದಳು. ಅಲ್ಲೂ ಅದೇ ಸದ್ದು. ನಾಲ್ಕೂ ಹಲಗೆಗಳ ಅಗಲಕ್ಕೆ ಹಳೆಯ ಟೈಲು ಗೋಡೆಯಿಂದ ಬಿಟ್ಟುಕೊಂಡಿತ್ತು. ಏನನ್ನು ನೆಚ್ಚಿಕೊಂಡು ನಿಂತಿದೆಯೋ ದೇವರಿಗೇ ಗೊತ್ತು. ಅದರ ಮೇಲೆ ಇವರು ಹೊಸದನ್ನೂ ಹೇರಿದ್ದರು.

ಹಿಂದೆ ಸರಿದು ನೋಡಿದಳು. ಮಾಡಿನ ಉದ್ದ ದೀಪದ ಬಿಂಬ ಹೊಳಪು ಹಲಗೆಗಳಲ್ಲಿ ಬಿದ್ದಿತ್ತು. ಬೆಳಿಗ್ಗೆ ಅದು ದಾರ ಹಿಡಿದಂತೆ ನೆಟ್ಟಗಿತ್ತು. ಈಗ ಎರಡನೇ ಹಲಗೆಯಲ್ಲಿ ಸಣ್ಣದಾಗಿ ಸೊಟ್ಟಗಾಗಿತ್ತು.

ಯಾರಿಗೆ ಹೇಳುವುದು? ಮೇಸ್ತ್ರಿ ಲೆರಾಯ್‌ಗೆ ಹೇಳಿದರೆ ಗುರುತು ಹಾಕಿದವರು ಯಾರು ಎಂಬ ಪ್ರಶ್ನೆ ಬರುತ್ತದೆ. ಕಿವಿ ಕೇಳದವನನ್ನು ಸಾರುವೆ ಹತ್ತಲು ಯಾರು ಬಿಡುತ್ತಾರೆ? ಹೆಂಡತಿ ಇಡಲೀನಾಗೂ ಹೇಳದೆ ಅವನು ಮುಚ್ಚಿಟ್ಟಿದ್ದನ್ನು ತಾನು ಬೀದಿಗೆ ಹಾಕಬೇಕೆ? ಅಥವಾ ತನ್ನದೇ ಭ್ರಮೆ ಇದ್ದರೆ? ಭ್ರಮೆಯೇ ಆಗಿರಲಿ ಎಂದು ಅವಳು ನಿಜಕ್ಕೂ ಬೇಡಿಕೊಂಡಳು.

ಅಷ್ಟರಲ್ಲಿ ಬೆಲಾರ್ಮಿನೊ ಮೀಸೆ ಒರೆಸಿಕೊಳ್ಳುತ್ತ ಬಂದ. "ಸಾರು ಆರಿ ತಣ್ಣಗಾಯ್ತಲ್ಲೇ. ಇಲ್ಲಿ ಗೋಡೆ ಜೊತೆ ಏನು ಮಾತುಕತೆ?"

"ಇದೊಂಚೂರು ಕೇಳಿ ಭಾವ" ಎಂದು ಅವಳು ಟೊಳ್ಳಿದ್ದ ಕಡೆ ಬಡಿದಳು. ಮುಖದಲ್ಲಿ ಏನೂ ಕಾಣದಂತೆ ಹಲ್ಲು ಕಚ್ಚಿಕೊಂಡಿದ್ದಳು.

ಬೆಲಾರ್ಮಿನೊ ಗೋಡೆಯನ್ನು ನೋಡಲಿಲ್ಲ. ಅವಳ ಮುಖ ನೋಡಿದ. "ಗಟ್ಟಿ ಇದೆಯಲ್ಲ."

ಅವಳು ಆಚೆ ಹೋಗಿ, ಗಟ್ಟಿ ಇದ್ದ ಕಡೆಯೇ ಬಡಿದಳು. ಬಡಿದು ಬೇಕೆಂದೇ ಹುಬ್ಬು ಗಂಟಿಕ್ಕಿದಳು.

"ಹ್ಞಾ, ಅಲ್ಲಿ ಸ್ವಲ್ಪ ಟೊಳ್ಳು" ಎಂದ ಅವನು. "ಗುರುತು ಹಾಕು, ಆಮೇಲೆ ನೋಡೋಣ."

ಡೆಲ್ಫಿನಾಗೆ ಈಗ ಅರ್ಥವಾಯಿತು. ಮೂರು ತಿಂಗಳೋ ಆರು ತಿಂಗಳೋ, ಅವನು ತನ್ನ ಮುಖವನ್ನೇ ಓದಿಕೊಂಡು ಕೆಲಸ ಮಾಡುತ್ತಿದ್ದ. ತಾನು ಪಕ್ಕದಲ್ಲಿಲ್ಲದೆ ಅವನೊಬ್ಬನೇ ಬಡಿದ ಗೋಡೆ ಇದು.

ಆಗ ಆ ಸದ್ದು ಬಂತು. ಹಲಗೆಗಳ ಹಿಂದಿನಿಂದ, ಸರ್ ಎಂದು, ಚೀಲದ ತೂತಿನಿಂದ ಮರಳು ಸುರಿದ ಹಾಗೆ. ನಿಂತಿತು. ಮತ್ತೆ ಬಂತು, ಈ ಸಲ ಇನ್ನಷ್ಟು ಹೊತ್ತು. ಬೆಲಾರ್ಮಿನೊ ಅದೇ ಗೋಡೆಗೆ ಹೆಗಲು ಆನಿಸಿಕೊಂಡು ಕೈಗವಸು ಹಾಕಿಕೊಳ್ಳುತ್ತಿದ್ದ.

"ಭಾವ, ಈಚೆ ಬನ್ನಿ" ಎಂದಳು. ಅವನು ಗವಸಿನ ಬೆರಳು ಸರಿಮಾಡುತ್ತಲೇ ಇದ್ದ.

ಮೇಲಿನಿಂದ ಮಕ್ಕಳ ಕಲರವ ಕೇಳಿಸಿತು. ಕತ್ತೆತ್ತಿದರೆ ಟೀಚರ್ ಮಿಸ್ ಪಕೆಟ್, ಮೆಟ್ಟಿಲಿಗೆ ಅಡ್ಡ ಕಟ್ಟಿದ್ದ ಹಳದಿ ಪಟ್ಟಿಯನ್ನು ಎತ್ತಿ ಹಿಡಿದು, ಹತ್ತು ಹನ್ನೆರಡು ಪುಟಾಣಿಗಳನ್ನು ಒಬ್ಬೊಬ್ಬರಾಗಿ ಒಳಕ್ಕೆ ಬಿಡುತ್ತಿದ್ದಳು. ಎಲ್ಲರೂ ಒಂದೇ ಹಗ್ಗ ಹಿಡಿದುಕೊಂಡಿದ್ದರು.

"ಸಾರಿ ಕಣಮ್ಮ, ಹಿಂದಿನ ಮೆಟ್ಟಿಲ ಹತ್ರ ಪೈಪ್ ಒಡೆದು ನೀರೋ ನೀರು. ಒಂದೇ ಒಂದು ನಿಮಿಷ, ಹಾಗೇ ಇಳಿದುಹೋಗ್ತೀವಿ!"

"ಬೇಡಾ!" ಡೆಲ್ಫಿನಾ ಕಿರುಚಿದಳು. "ಇಳೀಬೇಡಿ! ಅಲ್ಲೇ ನಿಲ್ಲಿ!"

ಮುಂದಿನ ಹುಡುಗಿ ಒಂದು ಕಾಲು ಗಾಳಿಯಲ್ಲಿಟ್ಟುಕೊಂಡೇ ನಿಂತಳು. ಹಿಂದಿನವರು ಒಬ್ಬರ ಮೇಲೊಬ್ಬರು ಮುಗ್ಗರಿಸಿದರು. ಮಿಸ್ ಪಕೆಟ್‌ಳ ಮುಖ ಬಿಗಿಯಿತು. ಮಕ್ಕಳ ಮೇಲೆ ಹೀಗೆ ಕೂಗುವುದೇ ಎಂಬಂತೆ.

ಬೆಲಾರ್ಮಿನೊ ಡೆಲ್ಫಿನಾಳ ತೆರೆದ ಬಾಯಿಯನ್ನು ನೋಡಿದ, ತಿರುಗಿ ಮಕ್ಕಳನ್ನು ನೋಡಿದ. "ಬರಲಿ ಬಿಡೇ, ಪಾಪ. ನಾವೇನು ತಿಂದುಬಿಡ್ತೀವಾ?" ಎಂದು ಮಕ್ಕಳ ಕಡೆ ಕೈಬೀಸಿ ಕರೆದ.

ಡೆಲ್ಫಿನಾ ಅವನ ಅಂಗಿ ಹಿಡಿದಳು. "ಗೋಡೆ ಬಿಟ್ಕೊಳ್ತಾ ಇದೆ. ನಿಮಗೆ ಕೇಳಿಸ್ತಾ ಇಲ್ಲ."

"ಏನು?"

"ನಿಮಗೆ ಕೇಳಿಸ್ತಾ ಇಲ್ಲ, ಭಾವ."

ಅವನು ಬಾಗಿ ಕಿವಿಯನ್ನು ಅವಳ ಬಾಯಿಯ ಹತ್ತಿರ ತಂದ. "ಏನಂದೆ? ಸರಿಯಾಗಿ ಹೇಳು."

"ನಿಮಗೆ ಕಿವಿ ಕೇಳಿಸ್ತಾ ಇಲ್ಲ!"

ಆ ಎತ್ತರದ ಗೋಡೆಗಳ ನಡುವೆ ಮಾತು ಎರಡು ಸಲ ಮೊಳಗಿತು. ಮೇಲಿನ ಮಹಡಿಯಲ್ಲಿ ಕೊರೆಯುತ್ತಿದ್ದ ಯಂತ್ರ ನಿಂತಿತು. ತಂತಿ ಎಳೆಯುವ ಇಬ್ಬರು ಕಟಕಟೆಯಿಂದ ಬಗ್ಗಿ ನೋಡಿದರು. ಮೇಸ್ತ್ರಿ ಲೆರಾಯ್ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ. ಬೆಲಾರ್ಮಿನೊ ನೆಟ್ಟಗಾದ. ಅವನ ಕುತ್ತಿಗೆ ಕೆಂಪಾಯಿತು, ಆಮೇಲೆ ಕೆಂಪೆಲ್ಲ ಇಳಿದುಹೋಗಿ ಮುಖ ಗಾರೆಯ ಬಣ್ಣಕ್ಕೆ ಬಂತು. ಅವನು ಬೈಯುತ್ತಾನೆ ಎಂದು ಅವಳು ಕಾದಳು. ಅವನು ನಿಧಾನವಾಗಿ ಗವಸು ಕಳಚಿ ಬರಿಗೈಯನ್ನು ಹಲಗೆಯ ಮೇಲಿಟ್ಟ.

ಮರಳು ಸುರಿಯುವ ಸದ್ದು ಈಗ ನಿಲ್ಲುತ್ತಲೇ ಇರಲಿಲ್ಲ. ಒಳಗಿನ ಅದುರು ಅಂಗೈಗೆ ತಾಗಿ ಅವನ ಕಣ್ಣು ದೊಡ್ಡದಾಯಿತು. ಕೈ ತೆಗೆದ. ತೆಗೆದವನೇ ಮಕ್ಕಳತ್ತ ಎರಡೂ ಕೈಯೆತ್ತಿ, "ಮೇಲಕ್ಕೆ! ಟೀಚರಮ್ಮ, ಮಕ್ಕಳನ್ನ ಮೇಲಕ್ಕೆ ಕರ್ಕೊಂಡು ಹೋಗಿ. ಓಡಬೇಡಿ, ಕುಣೀಬೇಡಿ, ಮೆಲ್ಲಗೆ!" ಎಂದು ಗರ್ಜಿಸಿದ.

ಹಗ್ಗದ ಸಾಲು ಹಿಮ್ಮುಖವಾಗಿ ತಿರುಗಿತು. ಚಿಕ್ಕ ಹುಡುಗನೊಬ್ಬ ಅಳತೊಡಗಿದ. ಮಿಸ್ ಪಕೆಟ್ ಈಗ ಏನೂ ಕೇಳದೆ ಅವನನ್ನು ಎತ್ತಿಕೊಂಡಳು. ಕೊನೆಯ ಮಗುವಿನ ಬೂಟು ಮೇಲಿನ ಪಡಸಾಲೆಯಲ್ಲಿ ಮರೆಯಾಗುವವರೆಗೂ ಡೆಲ್ಫಿನಾ ನೋಡುತ್ತ ನಿಂತಳು. ಬೆಲಾರ್ಮಿನೊ ಅವಳ ರಟ್ಟೆ ಹಿಡಿದು ಬಾಗಿಲತನಕ ಎಳೆದುಕೊಂಡು ಹೋದ. ಆನಿಕೆಗೆ ಮರದ ತೊಲೆ ತರಲು ಲೆರಾಯ್ ಹೊರಗೆ ಕೂಗುತ್ತಿದ್ದ.

ತೊಲೆ ಬರುವುದರೊಳಗೆ ಗೋಡೆ ಬಂತು. ಮೊದಲು ಎರಡನೇ ಹಲಗೆಯ ನೆತ್ತಿ ಮುಂದಕ್ಕೆ ಬಾಗಿತು, ಯಾರೋ ಒಳಗಿನಿಂದ ಮೆಲ್ಲಗೆ ತಳ್ಳಿದಂತೆ. ಆಮೇಲೆ ನಾಲ್ಕೂ ಹಲಗೆಗಳು ಹಸಿರು ಟೈಲು, ನೂರು ವರ್ಷದ ಗಾರೆಯ ಸಮೇತ ಒಟ್ಟಿಗೇ ಕಳಚಿ ಮೆಟ್ಟಿಲುಗಳ ಮೇಲೆ ಮಗುಚಿಬಿದ್ದವು. ಧೂಳು ಬಾಗಿಲವರೆಗೂ ಉರುಳಿ ಬಂತು. ಎಲ್ಲರೂ ಅಂಗಿಯ ತೋಳಿನಲ್ಲಿ ಮೂಗು ಮುಚ್ಚಿಕೊಂಡು ಅಂಗಳಕ್ಕೆ ಓಡಿದರು.

ಅಂಗಳದಲ್ಲಿ ಬೆಲಾರ್ಮಿನೊ ಸೊಂಟದ ಮೇಲೆ ಕೈಯಿಟ್ಟು, ಬಾಗಿ ಕೆಮ್ಮಿದ. "ಇದು ಕೇಳಿಸ್ತು" ಎಂದ. ಯಾರೂ ನಗಲಿಲ್ಲ.

ಲೆರಾಯ್ ಹತ್ತಿರ ಬಂದಾಗ ಡೆಲ್ಫಿನಾ ಏನೋ ಹೇಳಲು ಬಾಯಿ ತೆರೆದಳು. ಬೆಲಾರ್ಮಿನೊ ಕೈ ಅಡ್ಡ ಹಿಡಿದ. "ಬಡಿದು ನೋಡಿದ್ದು ನಾನು. ಇವಳಲ್ಲ. ನನಗೆ ಗೊತ್ತಾಗಲಿಲ್ಲ... ಅಲ್ಲ. ಗೊತ್ತಾಗ್ತಾ ಇಲ್ಲ ಅಂತ ಗೊತ್ತಿತ್ತು."

ಲೆರಾಯ್ ತಲೆಯ ಟೋಪಿಯನ್ನು ಹಿಂದೆ ಮುಂದೆ ಸರಿಸಿದ. ಕೊನೆಗೆ, ಬೆಲಾರ್ಮಿನೊಗೆ ಕಾಣುವಂತೆ ಎದುರಿಗೆ ನಿಂತು, ತುಟಿಯನ್ನು ದೊಡ್ಡದಾಗಿ ಆಡಿಸುತ್ತ ಹೇಳಿದ: "ಮೊದಲು ಕಿವಿ ಡಾಕ್ಟರ ಹತ್ರ ಹೋಗು. ಅಲ್ಲೀತನಕ ನೀನು ಈ ಗೇಟಿನ ಒಳಗೆ ಬರೋ ಹಾಗಿಲ್ಲ. ಸೋಮವಾರ ಇಡೀ ಗೋಡೆ ಮತ್ತೆ ಬಡೀಬೇಕು. ಡೆಲ್ಫಿನಾ, ನೀನು ಬಡಿ."

ಸಂಜೆ ಗಾಡಿಯ ಹತ್ತಿರ ಅವಳು ಕೀಲಿಗೆ ಕೈ ಚಾಚಿದಳು. "ನನ್ನ ಗಾಡಿ ನಾನೇ ಓಡಿಸ್ತೀನಿ" ಎಂದು ಬೆಲಾರ್ಮಿನೊ ಹತ್ತಿ ಕೂತ. ಅವಳು ಪಕ್ಕದಲ್ಲಿ ಕೂತಳು. ಕೂದಲಲ್ಲೆಲ್ಲ ಧೂಳು. ಅವಳು ಕಣ್ಣು ಮುಚ್ಚಿದಾಗಲೆಲ್ಲ ಆ ಹುಡುಗಿಯ ಕಾಲು ಗಾಳಿಯಲ್ಲಿ ನಿಂತಂತೆ ಕಾಣುತ್ತಿತ್ತು.

ನಿಂತಿದ್ದ ಲಾರಿಯೊಂದನ್ನು ದಾಟಲು ಅವನು ತಿರುವಿನ ದೀಪ ಹಾಕಿದ. ಲಾರಿ ಹಿಂದಾಯಿತು. ದೀಪ ಟಿಕ್ ಟಿಕ್ ಎನ್ನುತ್ತಲೇ ಇತ್ತು.

"ಇಡಲೀನಾಗೆ ನಾನೇ ಹೇಳ್ತೀನಿ" ಎಂದ ಅವನು ರಸ್ತೆಯ ಮೇಲೆ ಕಣ್ಣಿಟ್ಟು. "ನೀನು ಬಾಯಿ ಬಿಡಬೇಡ. ಇವತ್ತೇ ಹೇಳ್ತೀನಿ. ಊಟ ಆದಮೇಲೆ."

"ಸರಿ ಭಾವ" ಎಂದಳು. ಆಮೇಲೆ ಅವನ ತೋಳು ಮುಟ್ಟಿ, ಅವನು ತಿರುಗಿದಾಗ ತಲೆಯಾಡಿಸಿದಳು.

ಟಿಕ್ ಟಿಕ್ ಟಿಕ್. ಬ್ರೆಡ್ ಅಂಗಡಿಯ ಮುಂದಿನ ಕೂಡುರಸ್ತೆಯಲ್ಲಿ ಕೈಚೀಲ ಹಿಡಿದ ಮುದುಕಿಯೊಬ್ಬಳು ಗಾಡಿಯ ದೀಪ ನೋಡಿದಳು. ಅದು ಎಡಕ್ಕೆ ಹೊರಳುತ್ತದೆಂದು ಧೈರ್ಯವಾಗಿ ರಸ್ತೆಗೆ ಇಳಿದಳು. ಗಾಡಿ ಹೊರಳಲಿಲ್ಲ. ಬೆಲಾರ್ಮಿನೊ ಬ್ರೇಕ್ ಒತ್ತಿದ. ಡೆಲ್ಫಿನಾಳ ಎರಡೂ ಕೈ ಎದುರಿನ ಗಾಜಿಗೆ ಹೋಗಿ ಬಡಿದವು. ಮುದುಕಿ ಒಂದು ಮಾರು ದೂರದಲ್ಲಿ ನಿಂತು, ಏನೇನೋ ಕೂಗುತ್ತ, ಚೀಲದಿಂದ ಗಾಡಿಯ ಮೂತಿಗೆ ಹೊಡೆದು ದಾಟಿ ಹೋದಳು.

"ಏನಾಯ್ತು ಇವಳಿಗೆ? ಕಣ್ಣು ಕಾಣಲ್ವಾ?"

ಡೆಲ್ಫಿನಾ ಕೈ ಚಾಚಿ ತಿರುವಿನ ದೀಪದ ಕಡ್ಡಿಯನ್ನು ಮೇಲಕ್ಕೊತ್ತಿದಳು. ಟಿಕ್ ಟಿಕ್ ನಿಂತಿತು.

ಬೆಲಾರ್ಮಿನೊ ಅವಳ ಕೈಯನ್ನು ನೋಡಿದ. ಹಿಂದಿನ ಕಾರುಗಳು ಹಾರನ್ ಹೊಡೆಯುತ್ತಿದ್ದವು. ಅವನು ಗಾಡಿಯನ್ನು ನಿಧಾನವಾಗಿ ಬ್ರೆಡ್ ಅಂಗಡಿಯ ಪಕ್ಕಕ್ಕೆ ತಂದು ನಿಲ್ಲಿಸಿದ. ಎಂಜಿನ್ ಆರಿಸದೆಯೇ ಇಳಿದ. ದೀಪದ ಬೆಳಕಿನಲ್ಲಿ, ಮೂತಿಯ ಮೇಲೆ ಕೈಯಾಡಿಸುತ್ತ, ಗಾಡಿಯನ್ನು ಸುತ್ತು ಹಾಕಿಕೊಂಡು ಬಂದು ಅವಳು ಚಾಲಕನ ಸೀಟಿಗೆ ಸರಿಯಲೆಂದು ಅವಳ ಬಾಗಿಲ ಹತ್ತಿರ ಕಾಯುತ್ತ ನಿಂತ.