ಹನ್ನೊಂದರ ಲೆನ್ಸು

ಕ್ಯಾಮೆರಾ ಅಂಗಡಿಯ ಹಿಂದಿನ ಗೋಡೆಗೆ ಬೆನ್ನು ಹಚ್ಚಿ ನಿಂತು ಇಂದೂ ತನ್ನ ಕ್ಯಾಮೆರಾವನ್ನು ಕಣ್ಣಿಗೆ ಹಿಡಿದಳು. ಹೊಸ ಲೆನ್ಸಿನೊಳಗೆ ಇಡೀ ಅಂಗಡಿಯೇ ಬಂದು ಕೂತಿತ್ತು. ಗಾಜಿನ ಕಪಾಟುಗಳು, ಗಲ್ಲೆಯ ಮೇಲಿನ ಗಣಪತಿ, ಬಾಗಿಲಾಚೆ ಪುಣೆಯ ಅಪ್ಪಾ ಬಳವಂತ ಚೌಕದ ಕಡೆ ಹೊರಟ ಸ್ಕೂಟರುಗಳು, ಎಡಗಡೆಯ ತುದಿಯಲ್ಲಿ ಮೊಬೈಲಿನೊಳಗೆ ಲೆನ್ಸುಗಳ ವಿಡಿಯೋ ನೋಡುತ್ತ ನಿಂತಿದ್ದ ಅವಳ ಗಂಡ ಮಾರ್ತಾಂಡ.

“ಅಯ್ಯ, ನೀವೂ ಬಂದೀರಲ್ರಿ ಇದ್ರಾಗ!”

“ನಾ ಎಲ್ಲೆ ಹೋಗ್ಲಿ? ಎಂಟರದ್ದದು. ಅದರ ಕೈಯಾಗಿಂದ ಯಾರೂ ತಪ್ಪಿಸ್ಕೊಳ್ಳೂದಿಲ್ಲ,” ಎಂದ ಮಾರ್ತಾಂಡ, ತಾನೇ ಅದನ್ನು ತಯಾರಿಸಿದವನ ಹಾಗೆ.

ಎಂಟು ಅಂದರೆ ಎಂಟು ಮಿಲಿಮೀಟರು. ಲೆನ್ಸಿನ ಮೇಲೆ ಬರೆದ ಈ ಅಂಕಿ ಸಣ್ಣದಾದಷ್ಟೂ ಅದರ ನೋಟ ಅಗಲ. ಇಂದೂ ಇಷ್ಟು ವರ್ಷ ದುಡಿಸಿಕೊಂಡದ್ದು ಕ್ಯಾಮೆರಾದ ಜೊತೆಗೇ ಬಂದ ಹದಿನೆಂಟರ ಲೆನ್ಸನ್ನು. ಅದನ್ನೇ ಹಿಡಿದು ನಿಗಡಿ, ಆಕುರ್ಡಿ, ಚಿಂಚವಡದ ಕನ್ನಡದವರ ಮನೆಗಳಲ್ಲಿ ಬಸುರಿಯ ಕುಬಸ, ಕೂಸಿಗೆ ಹೆಸರಿಡುವ ತೊಟ್ಟಿಲು, ಮದುವೆಯ ಅರಿಶಿನ ಎಲ್ಲ ತೆಗೆದಿದ್ದಳು. ಹೆಂಗಸರೇ ತುಂಬಿದ ಆ ಪುಟ್ಟ ನಡುಮನೆಗಳಲ್ಲಿ ಫೋಟೋ ತೆಗೆಯುವವಳಿಗೆ ನಿಲ್ಲಲು ಜಾಗವೇ ಇರುವುದಿಲ್ಲ. ಅವಳು ಸೋಫಾದ ಬೆನ್ನೇರಿ ಕೂತಿದ್ದಾಳೆ, ಬಾತ್‌ರೂಮಿನ ಹೊಸ್ತಿಲಲ್ಲಿ ಮಂಡಿಯೂರಿದ್ದಾಳೆ, ಒಮ್ಮೆ ಸೀರೆ ಎತ್ತಿ ಕಟ್ಟಿ ಅಡಿಗೆ ಕಟ್ಟೆಯ ಮೇಲೆ ನಿಂತು ಇಪ್ಪತ್ತು ಜನ ಮುತ್ತೈದೆಯರನ್ನು ಒಂದೇ ಚೌಕಟ್ಟಿಗೆ ಹಾಕಿದ್ದಾಳೆ. ಇಂದೂ ಬಂದರೆ ಗೋಡೆಗಳೇ ಹಿಂದೆ ಸರಿಯುತ್ತವೆ ಎಂದು ಆ ಕಡೆಯ ಹೆಂಗಸರು ಹೇಳುವುದು ಬರೀ ಬಾಯಿಮಾತಲ್ಲ. ಅವಳು ತೆಗೆದ ಚಿತ್ರದಲ್ಲಿ ಯಾರೂ ಹಲ್ಲು ಕಿರಿದು ಗೊಂಬೆಗಳ ಹಾಗೆ ನಿಂತಿರುವುದಿಲ್ಲ.

ಹೋದ ದೀಪಾವಳಿಗೆ ಮಾರ್ತಾಂಡ ಅವಳಿಗೆ ತಿಳಿಸದೆ ಹದಿನಾರರ ಒಂದು ದುಬಾರಿ ಲೆನ್ಸು ತಂದಿದ್ದ. ಅದು ದೊಡ್ಡ ಸೆನ್ಸರಿನ ಕ್ಯಾಮೆರಾಗಳಿಗೆಂದು ಮಾಡಿದ್ದು. “ಇದಕ್ಕೂ ಬರ್ತದ, ನಾಳೆ ದೊಡ್ಡ ಕ್ಯಾಮೆರಾ ತೊಗೊಂಡ್ರ ಅದಕ್ಕೂ ಬರ್ತದ,” ಎಂದು ಬೀಗಿದ್ದ. ಶಾಲೆಯ ಅಂಗಿಯನ್ನು ಮುಂದಿನ ವರ್ಷಕ್ಕೂ ಆಗಲಿ ಎಂದು ಒಂದು ಅಳತೆ ದೊಡ್ಡದೇ ಹೊಲಿಸುವ ಮನೆತನ ಅವನದು. ಆದರೆ ಇಂದೂಳ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರು ಸಣ್ಣದು. ಲೆನ್ಸು ಎಷ್ಟೇ ಅಗಲ ತಂದುಕೊಟ್ಟರೂ ಸೆನ್ಸರು ಜೋಳದ ಭಕ್ಕರಿಯ ಅಂಚು ಬಿಟ್ಟು ನಡುವನ್ನಷ್ಟೇ ತಿನ್ನುವ ಹುಡುಗರ ಹಾಗೆ ನಡುವಿನದನ್ನಷ್ಟೇ ತೆಗೆದುಕೊಳ್ಳುತ್ತದೆ. ಹದಿನಾರಕ್ಕೂ ಹದಿನೆಂಟಕ್ಕೂ ಹೇಳಿಕೊಳ್ಳುವಂಥ ಫರಕೇ ಕಾಣಲಿಲ್ಲ. ಕ್ಯಾಮೆರಾಕ್ಕೆ ಬೆಳೆಯುವ ಮೈ ಎಲ್ಲಿರುತ್ತದೆ! ಅಂದಿನಿಂದ ಮಾರ್ತಾಂಡ ಪಾಪಪರಿಹಾರಕ್ಕೆಂಬಂತೆ ಸಣ್ಣ ಸೆನ್ಸರಿಗೆಂದೇ ಮಾಡಿದ ಅಗಲ ಲೆನ್ಸುಗಳ ಬಗ್ಗೆ ಇದ್ದಬದ್ದದ್ದನ್ನೆಲ್ಲ ಓದುತ್ತಿದ್ದ.

ಕೊನೆಗೆ ಉಳಿದದ್ದು ಎರಡು, ಎಂಟರದ್ದು ಮತ್ತು ಹನ್ನೊಂದರದ್ದು. ಎಂಟರದ್ದು ಎಲ್ಲಕ್ಕಿಂತ ಅಗಲ. ಹನ್ನೊಂದರದ್ದು ಅಷ್ಟು ಅಗಲವಲ್ಲ, ಆದರೆ ಮಂದ ಬೆಳಕಿನಲ್ಲೂ ಚೆನ್ನಾಗಿ ಕಾಣುತ್ತದೆ. ಇಂದೂ ಒಂದನ್ನು ತೆಗೆದು ಇನ್ನೊಂದನ್ನು ಹಾಕಿ, ಮತ್ತೆ ಅದನ್ನು ತೆಗೆದು ಇದನ್ನು ಹಾಕಿ ನೋಡುವುದನ್ನು ಕಂಡು ಅಂಗಡಿಯವನಿಗೇ ಕನಿಕರ ಬಂತು.

“ತಾಈ, ದೋನ್ಹೀ ಘೇಊನ್ ಜಾ. ವಾಪರೂನ್ ಬಘಾ, ಮಗ ಠರ್ವಾ,” ಎಂದ. ಎರಡನ್ನೂ ಒಯ್ದು ಬಳಸಿ ನೋಡಲಿ, ಆಮೇಲೆ ಒಂದನ್ನು ಇಟ್ಟುಕೊಳ್ಳಲಿ ಎಂದು ಅವನ ಮಾತು. ಎರಡು ಡಬ್ಬಿಗಳನ್ನೂ ಮಡಿಲಲ್ಲಿ ಇಟ್ಟುಕೊಂಡು ಅವಳು ರಿಕ್ಷಾ ಹತ್ತಿದಳು.

ಅವಳ ಚಡಪಡಿಕೆಗೆ ಕಾರಣ ಗೋದೂ ಮೌಶಿ. ಇಂದೂಳ ತಾಯಿಯ ತಂಗಿ. ಮರುದಿನ ಭಾನುವಾರ ಮೌಶಿಯ ಮೊಮ್ಮಗಳ ತೊಟ್ಟಿಲು. ಧಾರವಾಡದಿಂದ ಮದುವೆಯಾಗಿ ಬಂದ ಮೌಶಿ, ಮಗ ಪ್ರಣವ ಇನ್ನೂ ಚಡ್ಡಿಯಲ್ಲಿದ್ದಾಗಲೇ ಗಂಡನನ್ನು ಕಳೆದುಕೊಂಡು, ಹೋಳಿಗೆ, ಚಟ್ನಿಪುಡಿ ಮಾಡಿ ಮಾರಿ ಅವನನ್ನು ಓದಿಸಿದವಳು. ಇದಕ್ಕಿಂತ ದೊಡ್ಡ ಮಾತೆಂದರೆ ಅವಳ ಕಂಠ. ನಿಗಡಿಯ ಕನ್ನಡದ ಮನೆಗಳಲ್ಲಿ ಆರತಿಯ ಹಾಡು, ಕುಬಸದ ಹಾಡು, ಜೋಗುಳ ಯಾವುದಿದ್ದರೂ ಗೋದಾವರಿಬಾಯಿಯೇ ಬೇಕು. ಆ ದನಿ ಎದ್ದರೆ ಟೀವಿ ಆರಿಸಬೇಕೆಂದು ಯಾರೂ ಹೇಳಬೇಕಾಗಿಲ್ಲ. ತಾನಾಗಿಯೇ ಆರುತ್ತದೆ.

ಆದರೆ ಮೌಶಿ ಹಾಡುವುದು ಅಡಿಗೆಮನೆಯ ಬಾಗಿಲಲ್ಲಿ ನಿಂತು. ಮುತ್ತೈದೆಯರ ಕಾರ್ಯದಲ್ಲಿ ತಾನು ಮುಂದೆ ಬರಬಾರದು ಎಂದು ಅವಳೇ ಗೆರೆ ಎಳೆದುಕೊಂಡಿದ್ದಳು. ಅವಳಿಗೆ ಬೇಡ ಎಂದವರು ಯಾರೂ ಇಲ್ಲ. ಬಾ ಎಂದವರೂ ಇಲ್ಲ. ಹೀಗಾಗಿ ಇಂದೂ ತೆಗೆದ ನೂರಾರು ಚಿತ್ರಗಳಲ್ಲಿ ಮೌಶಿ ಇಲ್ಲವೇ ಇಲ್ಲ. ಇದ್ದರೂ ಬಾಗಿಲ ಚೌಕಟ್ಟಿನ ಪಕ್ಕ ಅರ್ಧ ಭುಜ, ಒಂದು ಮುಂಗೈ, ಸೆರಗಿನ ಚೂರು. ಈ ಸಲ ಸ್ವಂತ ಮೊಮ್ಮಗಳ ತೊಟ್ಟಿಲು, ಅದೂ ಅವಳದೇ ಮನೆಯಲ್ಲಿ. ಈ ಸಲವೂ ಮೌಶಿ ಚಿತ್ರದಿಂದ ಹೊರಗುಳಿದರೆ ತಾನು ಕ್ಯಾಮೆರಾ ಹಿಡಿದು ಏನು ಉಪಯೋಗ ಎಂದು ಇಂದೂಗೆ ಸಂಕಟವಾಗಿತ್ತು. ಕರೆದರೆ ಮೌಶಿ ಬರುವವಳಲ್ಲ. ಕರೆಯದೆಯೇ, ನಿಂತಲ್ಲಿಂದಲೇ ಅವಳನ್ನು ಒಳಗೆ ತಂದುಕೊಳ್ಳುವಂಥ ಲೆನ್ಸು ಬೇಕಾಗಿತ್ತು.

ಅಂಗಡಿಯಿಂದ ನೆಟ್ಟಗೆ ಮೌಶಿಯ ಮನೆಗೇ ಹೋದರು. ನಡುಮನೆಯಲ್ಲಿ ತೊಟ್ಟಿಲು ಆಗಲೇ ಬಂದು ನಿಂತಿತ್ತು. ಪ್ರಣವನ ಹೆಂಡತಿ ಸಾಯಲೀ ಒಳಗೆ ಕೂಸಿಗೆ ಹಾಲೂಡಿಸುತ್ತಿದ್ದಳು. ಪದ್ಧತಿಯ ಪ್ರಕಾರ ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಮಲಗುವುದು ರುಬ್ಬುವ ಗುಂಡುಕಲ್ಲು. ಅದಕ್ಕೆ ಹಾಕಲೆಂದು ಮೌಶಿ ಹೊಲಿದಿಟ್ಟಿದ್ದ ಕುಂಚಿಗೆಯನ್ನು ಇಂದೂ ಅದರ ತಲೆಗೆ ತೊಡಿಸಿ ಮಲಗಿಸಿದಳು.

“ಮೌಶಿ, ನೀ ನಾಳೆ ಎಲ್ಲೆ ನಿಂದರ್ತೀ ಅಲ್ಲೇ ನಿಂದ್ರು. ಸುಮ್ನ ಪರೀಕ್ಷಾ ಮಾಡೂದದ.”

“ನಾ ಎಲ್ಲೆ ನಿಂದರ್ತೇನವ್ವಾ, ಇಲ್ಲೇ,” ಎಂದು ಮೌಶಿ ಕೈಯಲ್ಲಿನ ಲಟ್ಟಣಿಗೆಯ ಸಮೇತ ಬಾಗಿಲಿಗೆ ಬಂದು ನಿಂತಳು.

ಎಂಟರ ಲೆನ್ಸು ಹೇಳಿದ ಮಾತಿಗೆ ತಪ್ಪಲಿಲ್ಲ. ತೊಟ್ಟಿಲು, ಸೋಫಾ, ಫ್ರಿಜ್ಜು, ಅದರಾಚೆ ಅಡಿಗೆಮನೆಯ ಬಾಗಿಲು, ಬಾಗಿಲಲ್ಲಿ ಮೌಶಿ. ಆದರೆ ಇಂಥ ಲೆನ್ಸು ಹತ್ತಿರದ್ದನ್ನು ಹಿಗ್ಗಿಸುತ್ತದೆ, ದೂರದ್ದನ್ನು ಇನ್ನೂ ದೂರಕ್ಕೆ ತಳ್ಳುತ್ತದೆ, ಅಂಚಿನಲ್ಲಿರುವುದನ್ನು ಪಕ್ಕಕ್ಕೆ ಎಳೆಯುತ್ತದೆ. ಕುಂಚಿಗೆ ತೊಟ್ಟ ಕಲ್ಲು ಕುಂಬಳಕಾಯಿಯಷ್ಟಾಗಿತ್ತು. ತುದಿಯಲ್ಲಿದ್ದ ಮೌಶಿ ಗೇಣುದ್ದ ಆಗಿ, ಅವಳ ಮುಖದ ಒಂದು ಬದಿ ಹಪ್ಪಳದ ಹಿಟ್ಟು ಎಳೆದಂತೆ ಜಗ್ಗಿಹೋಗಿತ್ತು.

ಇಂದೂ ಮರೆಮಾಡುವಷ್ಟರಲ್ಲಿ ಮೌಶಿ ಬಂದು ಕ್ಯಾಮೆರಾದ ಪರದೆಯಲ್ಲಿ ಇಣುಕಿದಳು. ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದಳು.

“ಅಯ್ಯ, ಇದು ನಾನಽ? ಭಾಳ ಉಬ್ಬೇನಲ್ಲ! ಇರ್ಲಿ ಬಿಡು. ಪೂರ್ತಿ ಬಂದೇನಲ್ಲ ಇಂದೂ, ಕಾಲಿನ ತನಕಾ ಬಂದೇನಿ ನೋಡು!”

ಅವಳ ಮುಖದಲ್ಲಿ ಸಂತೋಷ ತುಂಬಿತ್ತು. ಇಷ್ಟಕ್ಕೇ ಇಷ್ಟು ಖುಷಿಪಡುತ್ತಾಳಲ್ಲ ಎಂದು ಇಂದೂಗೆ ಮೌಶಿಯ ಮೇಲೆ ಸಿಟ್ಟು ಬಂತು, ಇಷ್ಟನ್ನೇ ಕೊಡಲು ಹೊರಟಿದ್ದೆನಲ್ಲ ಎಂದು ತನ್ನ ಮೇಲೂ ಬಂತು. ಹನ್ನೊಂದರ ಲೆನ್ಸು ಹಾಕಿ ನೋಡಿದಳು. ಗೋಡೆಗಳು ನೆಟ್ಟಗೆ, ಕಲ್ಲು ಕಲ್ಲಿನ ಹಾಗೆ. ಆದರೆ ಚೌಕಟ್ಟು ಫ್ರಿಜ್ಜಿಗೇ ಮುಗಿಯಿತು. ಬಾಗಿಲು ಹೊರಗುಳಿಯಿತು.

ಮನೆಗೆ ನಡೆದು ಹೋಗುವಾಗ ಮಾರ್ತಾಂಡ ಹೇಳಿದ, “ಎಂಟರದ್ದಽ ಛಲೋ. ಅಂಚಿನ್ಯಾಗ ಜಗ್ಗಿದ್ದನ್ನ ಕಂಪ್ಯೂಟರಿನ್ಯಾಗ ಸರಿ ಮಾಡ್ಲಿಕ್ಕೆ ಬರ್ತದ. ನಾ ನೋಡೇನಿ.”

“ಮುಖಾ ಸರಿ ಮಾಡ್ತದ್ರಿ. ಆಕೀನ್ನ ಬಾಗಿಲದಿಂದ ಈ ಕಡೆ ತರ್ತದೇನು?”

ಮಾರ್ತಾಂಡ ಹೆಂಡತಿಯ ಮುಖ ನೋಡಿದ. ಅವಳು ಹಟ ಹಿಡಿದಾಗ ಕೆಳತುಟಿ ಸ್ವಲ್ಪ ಮುಂದೆ ಬರುತ್ತದೆ. ಆ ತುಟಿಯನ್ನು ಅವನು ಮದುವೆಯಾದಂದಿನಿಂದ ಮೆಚ್ಚಿಕೊಂಡು, ಹೆದರಿಕೊಂಡು ಬಂದಿದ್ದ. ಅವಳ ಕೈಯಲ್ಲಿದ್ದ ಚೀಲ ಇಸಿದುಕೊಂಡ.

ಭಾನುವಾರ ಇಂದೂ ಎಂಟರ ಲೆನ್ಸನ್ನು ಮನೆಯಲ್ಲೇ ಬಿಟ್ಟು ಬಂದಳು. ಜೊತೆಗಿದ್ದರೆ ಧೈರ್ಯ ಕೈಕೊಟ್ಟಾಗ ಅದನ್ನೇ ಹಾಕಿಬಿಡುತ್ತೇನೆ ಎಂದು ಅವಳಿಗೆ ಗೊತ್ತಿತ್ತು.

ನಡುಮನೆ ರೇಶ್ಮೆ ಸೀರೆಗಳಿಂದ ಗಿಜಿಗುಡುತ್ತಿತ್ತು. ತೊಟ್ಟಿಲ ಆಚೆ ಈಚೆ ಇಬ್ಬರು ಮುತ್ತೈದೆಯರು ನಿಂತು ಗುಂಡುಕಲ್ಲನ್ನು ಕೈಯಿಂದ ಕೈಗೆ ದಾಟಿಸಬೇಕು. ಮೇಲಿನಿಂದ ಕೊಡುವುದೋ ಕೆಳಗಿನಿಂದ ಕೊಡುವುದೋ ಇಬ್ಬರಿಗೂ ತಿಳಿಯದು. “ಕೆಳಗಿಂದ ಕೊಡವಾ, ಮ್ಯಾಲಿಂದ ತೊಗೊ. ದೇವರ ಹೆಸರ ಹೇಳಿ ತೊಗೊ,” ಎಂದು ಬಾಗಿಲಿನಿಂದಲೇ ಮೌಶಿಯ ದನಿ ಬಂತು. ಹೂ ಎಲ್ಲಿ, ಆರತಿ ಯಾವಾಗ, ಕೂಸಿನ ತಲೆ ಯಾವ ಕಡೆ, ಎಲ್ಲ ಆ ದನಿಯೇ ಹೇಳಿತು. ಇಡೀ ಕಾರ್ಯವನ್ನು ಒಳಗೆ ಕಾಲಿಡದೆ ನಡೆಸುತ್ತಿದ್ದ ಆ ಹೆಂಗಸಿನ ಜಾಣತನಕ್ಕೆ ಇಂದೂ ಬೆರಗಾದಳು. ಕೂಸಿಗೆ ಕೇತಕಿ ಎಂದು ಹೆಸರಾಯಿತು. ಮೌಶಿ ಜೋಗುಳ ಎತ್ತಿದಳು.

“ಎಲ್ಲಾರೂ ತೊಟ್ಟಿಲ ಸುತ್ತ ಬರ್ರಿ, ಫೋಟೋ ತಗೀತೇನಿ,” ಎಂದಳು ಇಂದೂ. ಹೆಂಗಸರು ಒತ್ತಿಕೊಂಡು ನಿಂತರು. ಅವಳು ಕ್ಯಾಮೆರಾ ಕಣ್ಣಿಗೆ ಹಿಡಿದು ಮತ್ತೆ ಕೆಳಗಿಳಿಸಿದಳು. “ಮೌಶಿ, ಈ ಲೆನ್ಸಿನ್ಯಾಗ ಬಾಗಿಲಾ ಬರೂದಿಲ್ಲ. ನೀ ಈ ಕಡೆ ಬಾ.”

ಹಾಡು ನಿಂತಿತು.

“ಬ್ಯಾಡವಾ. ಕೈಯೆಲ್ಲಾ ಎಣ್ಣಿ ಆಗ್ಯಾವ. ನೀವು ತಗೀರಿ.”

“ನೀ ಬರೂ ತನಕಾ ನಾ ತಗ್ಯಾಂಗಿಲ್ಲ.”

ಯಾರೋ ಬಳೆ ಸರಿಮಾಡಿಕೊಂಡರು, ಯಾರೋ ನೆಲ ನೋಡಿದರು. ಪ್ರಣವ ಹೊರಗಿನ ಬಾಗಿಲಲ್ಲಿ ನಿಂತು ತಾಯಿಯನ್ನೂ ಇಂದೂಳನ್ನೂ ನೋಡುತ್ತಿದ್ದ. ಇಷ್ಟು ಜನರ ನಡುವೆ ಮೌಶಿಯನ್ನು ನಿಲ್ಲಿಸಿ ಅವಮಾನ ಮಾಡಿದೆನೇ ಎಂದು ಇಂದೂಗೆ ಅನ್ನಿಸಿತು. ಅವಳು ಈಗ ಒಳಗೆ ಹೋಗಿಬಿಟ್ಟರೆ ಇನ್ನು ಮುಂದೆ ಆ ಬಾಗಿಲಿಗೂ ಬಂದು ನಿಲ್ಲಲಿಕ್ಕಿಲ್ಲ.

ಆಗ ಮಣೆಯ ಮೇಲೆ ಕೂತಿದ್ದ ಸಾಯಲೀ ತಲೆ ಎತ್ತಿದಳು.

“ಅತ್ತಿ, ನಿಮ್ಮ ಜೋಗುಳ ಕೂಸಿಗೆ ಇಲ್ಲಿ ತನಕಾ ಕೇಳ್ಸವಲ್ತು. ಹಂತೇಕ ಬಂದು ಹಾಡ್ರಿ.”

ಮೌಶಿಯ ದನಿ ಕೆಳಗಿನ ಮೂರು ಮಹಡಿಗೆ ಕೇಳುತ್ತದೆಂದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಇಷ್ಟು ಚೆಂದದ ಸುಳ್ಳನ್ನು ಆ ಮನೆಯಲ್ಲಿ ಅದುವರೆಗೆ ಯಾರೂ ಹೇಳಿರಲಿಲ್ಲ. ಯಾರೂ ನಗಲಿಲ್ಲ. ಸಾಯಲೀಯ ತಾಯಿ ತಾನು ನಿಂತ ಜಾಗದಿಂದ ಒಂದಿಷ್ಟು ಸರಿದಳು. ಅವಳನ್ನು ನೋಡಿ ಪಕ್ಕದವಳೂ ಸರಿದಳು.

ಮೌಶಿ ಸೆರಗಿಗೆ ಕೈ ಒರೆಸಿಕೊಂಡಳು. ಒಂದು ಕೈ ಒರೆಸಿ ಮುಗಿದ ಮೇಲೆ ಇನ್ನೊಂದು, ಮತ್ತೆ ಮೊದಲಿನದು. ಆಮೇಲೆ ಹೊಸ್ತಿಲು ದಾಟಿ ಬಂದು ಸಾಲಿನ ಕಟ್ಟಕಡೆಗೆ ನಿಂತಳು.

“ಅಲ್ಲೆ ಬ್ಯಾಡ ಮೌಶಿ,” ಎಂದಳು ಇಂದೂ. ಮುಖ ಜಗ್ಗುವ ಎಂಟರದ್ದು ಮನೆಯಲ್ಲೇ ಇತ್ತು. “ಇದು ಅಗಲ ಲೆನ್ಸ್ ಅದ. ಅಂಚಿನ್ಯಾಗ ನಿಂತವರ ಮುಖಾ ಕೆಡ್ತದ. ನಡುವ ಬಾ.”

ಯಂತ್ರದ ಮಾತಿಗೆ ಎದುರಾಡುವವರು ಯಾರು? ಹೆಂಗಸರು ದಾರಿ ಬಿಟ್ಟರು. ಮೌಶಿ ತೊಟ್ಟಿಲ ಪಕ್ಕಕ್ಕೆ ಬಂದಳು. ಎಲ್ಲಿ ನೋಡಬೇಕೆಂದು ತಿಳಿಯದೆ ಕ್ಯಾಮೆರಾ ನೋಡಿದಳು, ಸೊಸೆಯನ್ನು ನೋಡಿದಳು, ಕೊನೆಗೆ ಕೂಸನ್ನು ನೋಡಿದಳು. ಅಲ್ಲಿಗೆ ಮಿಕ್ಕವರೆಲ್ಲ ಅವಳಿಗೆ ಮರೆತುಹೋದರು. ತೊಟ್ಟಿಲ ಹಗ್ಗ ಹಿಡಿದು, ನಿಂತುಹೋದಲ್ಲಿಂದಲೇ ಹಾಡು ಎತ್ತಿಕೊಂಡಳು.

ಇಂದೂ ಚಿತ್ರ ತೆಗೆದಳು. ಒಂದು, ಇನ್ನೊಂದು, ಸಾಕಷ್ಟು. ಆಯಿತು ಎಂದು ಹೇಳಲು ಮಾತ್ರ ಅವಳಿಗೆ ಮನಸ್ಸಾಗಲಿಲ್ಲ. ಕ್ಯಾಮೆರಾವನ್ನು ಕಣ್ಣಿನಿಂದ ತೆಗೆಯದೆ ನಿಂತೇ ಇದ್ದಳು. ನಿಂತವರೆಲ್ಲ ಒಬ್ಬೊಬ್ಬರಾಗಿ ನೆಲದ ಮೇಲೆ ಕೂತರು. ಕೂಸು ನಿದ್ದೆ ಹೋಗಿ ಎಷ್ಟೋ ಹೊತ್ತಾಗಿತ್ತು. ಮೌಶಿ ಹಾಡುತ್ತ ಹಗ್ಗ ಎಳೆಯುತ್ತಲೇ ಇದ್ದಳು.