ಶ್ರವಣ: ಉತ್ತಮ

ಬೆನ್ನಿಗೆ ನಟ್ಟು ಬಂದು ಬಿತ್ತು. ಸಾಹೇಬರು ಕರೆಯುತ್ತಿದ್ದಾರೆಂದು ನನಗೆ ತಿಳಿಯುವುದೇ ಹೀಗೆ. ತಿರುಗಿ ನೋಡಿದರೆ, ಎಂಜಿನ್ ಕೋಣೆಗೆ ಇಳಿಯುವ ಕಬ್ಬಿಣದ ಏಣಿಯ ಮೇಲೆ ನಿಂತು ಬಾಯಿ ಹರಿದುಕೊಳ್ಳುತ್ತಿದ್ದರು.

"ಕಿವುಡ್ ಸೂಳೆಮಗನೇ, ಎಷ್ಟು ಸಲ ಕರೀಬೇಕೋ ನಿನ್ನ? ಗಂಟಲು ಬಿದ್ದುಹೋಯ್ತು!"

ಕೇಳಿಸಿಕೊಂಡದ್ದಲ್ಲ, ತುಟಿ ನೋಡಿ ಓದಿಕೊಂಡದ್ದು. ಹಡಗಿನ ಹೊಟ್ಟೆಯಲ್ಲಿ ಹತ್ತೊಂಬತ್ತು ವರ್ಷ ಕಳೆದವನಿಗೆ ತುಟಿ ಓದಲು ಬರುತ್ತದೆ. ಅದರಲ್ಲೂ ಬೈಗುಳ ಸಲೀಸು, ದಿನಾ ಅಭ್ಯಾಸ ಇರುತ್ತದಲ್ಲ! ನನ್ನ ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಯಲ್ಲಿ ಚೂರುಪಾರು ಉಳಿದಿದೆ, ಬಾಯಿ ಹತ್ತಿರ ತಂದು ಕೂಗಿದರೆ ಅಷ್ಟಿಷ್ಟು ಸಿಗುತ್ತದೆ. ಆದರೆ ಮೈಯೆಲ್ಲ ಎಣ್ಣೆ ಮೆತ್ತಿಕೊಂಡವನ ಹತ್ತಿರ ಯಾವ ಸಾಹೇಬ ಬರುತ್ತಾನೆ? ಇವರು ಅದಕ್ಕೆಂದೇ ಜೇಬಿನಲ್ಲಿ ನಾಲ್ಕೈದು ನಟ್ಟು ಇಟ್ಟುಕೊಂಡಿರುತ್ತಾರೆ. ಎಂಜಿನ್ ವಿಭಾಗದ ಅಧಿಕಾರಿ, ವಯಸ್ಸಿನಲ್ಲಿ ನನ್ನ ಕೊನೇ ತಮ್ಮನಿಗಿಂತ ಚಿಕ್ಕವರು.

ಚಿಂದಿಗೆ ಕೈ ಒರೆಸಿಕೊಂಡು ಮೇಲೆ ಹೋದೆ. ಅವರ ಕೈಯಲ್ಲಿ ಬೋನಸ್ಸಿನ ಕಾಗದ ಇತ್ತು. ನೌಕಾಪಡೆಯ ಹಳಬರೆಲ್ಲ ಒಬ್ಬೊಬ್ಬರಾಗಿ ಹಡಗು ಬಿಟ್ಟು ದಡದ ಕೆಲಸಗಳಿಗೆ ಹೋಗುತ್ತಿದ್ದಾರೆ. ಹೊಸ ಹುಡುಗರಿಗೆ ಪುಸ್ತಕ ಗೊತ್ತು, ಎಂಜಿನ್ನಿನ ನರನಾಡಿ ಗೊತ್ತಿಲ್ಲ. ಅದಕ್ಕೇ, ಇನ್ನೈದು ವರ್ಷ ಸಮುದ್ರದಲ್ಲೇ ಇರುತ್ತೇನೆಂದು ಬರೆದುಕೊಡುವ ಹಳಬನಿಗೆ ಒಂದು ಇಡಿಗಂಟು. ನನಗಿದು ಮೂರನೆಯ ಸಲ. ಮೊದಲ ಗಂಟು ತಂಗಿಯ ಮದುವೆಗೆ ಹೋಯಿತು, ಎರಡನೆಯದು ಅಮ್ಮನ ಆಪರೇಷನ್ನಿಗೆ. ಎಡಗಿವಿ ಹೋದದ್ದು ಮೊದಲ ಗಂಟಿನ ಹೊತ್ತಿಗೆ, ಬಲಗಿವಿ ಕೈಕೊಡಲು ಶುರುವಾದದ್ದು ಎರಡನೆಯದರ ಹೊತ್ತಿಗೆ.

"ನಿನ್ನಂಥೋನು ಇಲ್ದೆ ಹಡಗು ಹೊರಡಲ್ಲಪ್ಪ," ಸಾಹೇಬರು ಈಗ ಹಲ್ಲು ಕಿರಿದರು. "ಬರೀ ಅಂಗೈ ಇಟ್ಟು ಎಂಜಿನ್ ರೋಗ ಹೇಳೋನು ನೀನು. ನಾಳೆ ಬೆಳಿಗ್ಗೆ ಡಾಕ್ಟ್ರ ಹತ್ರ ಕಿವಿ ಪರೀಕ್ಷೆ. ಮಾಮೂಲಿ ಥರ ಪೆನ್ನು ನೋಡ್ಕೊಂಡು ಒತ್ತು, ಮುಗೀತು."

"ಈಗ ತಾನೇ ಕಿವುಡ ಅಂದ್ರಲ್ಲ ಸಾಹೇಬ್ರೆ?"

"ಅದು ಬಾಯಿಮಾತು ಕಣೋ. ಕಾಗದದ ಮೇಲೆ ನಿನ್ನ ಕಿವಿ ಚಿನ್ನದಂಥದ್ದು."

ಪೆನ್ನು ನೋಡುವುದು ನಾವು ಎಂಜಿನ್ ಕೋಣೆಯವರು ಒಬ್ಬರಿಗೊಬ್ಬರು ಹೇಳಿಕೊಟ್ಟುಕೊಂಡು ಬಂದ ವಿದ್ಯೆ. ಗಾಜಿನ ಕಿಟಕಿಯಿರುವ ಒಂದು ಪುಟ್ಟ ಕೋಣೆಯಲ್ಲಿ ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಡುತ್ತಾರೆ. ಸದ್ದು ಕೇಳಿಸಿದಾಗ ಗುಂಡಿ ಒತ್ತಬೇಕು. ಗಾಜಿನ ಆಚೆ ಕೂತ ಡಾಕ್ಟರು ಸದ್ದು ಬಿಟ್ಟಾಗಲೆಲ್ಲ ಪೆನ್ನನ್ನು ಮೇಜಿಗೆ ತಾಗಿಸುತ್ತಾರೆ. ಪೆನ್ನು ಇಳಿಯಿತೋ, ಒತ್ತು. ಈ ನಾಟಕ ಡಾಕ್ಟರಿಗೆ ಗೊತ್ತು, ಸಾಹೇಬರಿಗೆ ಗೊತ್ತು, ಅವರ ಮೇಲಿನವರಿಗೂ ಗೊತ್ತು. ಒತ್ತಿ ಒತ್ತಿಯೇ ನನ್ನ ಕಾಗದದಲ್ಲಿ ಎರಡು ಸಲ 'ಶ್ರವಣ: ಉತ್ತಮ' ಎಂದು ಬಿದ್ದಿದೆ.

ಒತ್ತದಿದ್ದರೆ ಬೋನಸ್ಸೂ ಇಲ್ಲ, ಹಡಗೂ ಇಲ್ಲ. ಕ್ವಾರ್ಟರ್ಸ್ ಒಂದು ತಿಂಗಳಲ್ಲಿ ಖಾಲಿ ಮಾಡಬೇಕು. ಪೂರ್ತಿ ಪಿಂಚಣಿಗೆ ಒಂದೇ ವರ್ಷ ಬಾಕಿ, ಅದಕ್ಕೂ ಎಳ್ಳುನೀರು.

ಸಂಜೆ ಮನೆಗೆ ಹೋದೆ. ಎರಡು ಕೋಣೆ, ಒಂದು ಅಡುಗೆಮನೆ, ಬಾಗಿಲಿಗೆ ನೌಕಾಪಡೆ ಹೊಡೆದ ನಂಬರು. ಊಟಕ್ಕೆ ಕೂತಾಗ ಹೆಂಡತಿ, ಮಗಳು ಏನೋ ಮಾತಾಡಿಕೊಂಡು ನಕ್ಕರು. ನಾನೂ ನಕ್ಕೆ. ಒಂದು ಗಳಿಗೆ ತಡವಾಗಿ ನಕ್ಕೆನೆಂದು ಕಾಣುತ್ತದೆ. ಮಗಳು ನನ್ನ ಮುಖ ನೋಡಿ ನಗು ನಿಲ್ಲಿಸಿ ತಟ್ಟೆ ನೋಡತೊಡಗಿದಳು. ನಡುನೀರಿನಲ್ಲಿ ತಿಂಗಳುಗಟ್ಟಲೆ ಇದ್ದಾಗಲೂ ನನಗೆ ಅಷ್ಟು ಒಂಟಿ ಅನ್ನಿಸುವುದಿಲ್ಲ. ಅಲ್ಲಿ ಎಂಜಿನ್ ಸದ್ದಿಗೆ ಯಾರಿಗೂ ಏನೂ ಕೇಳಿಸುವುದಿಲ್ಲ, ಎಲ್ಲರೂ ಕೈಸನ್ನೆಯವರೇ.

ಮಗಳು ನನ್ನ ಜೊತೆ ಮಾತು ಬಿಟ್ಟು ನಾಲ್ಕು ವರ್ಷ. ಆಗ ಅವಳಿಗೆ ಹತ್ತು. ನಾನು ದೂರದ ಬಂದರಿನಿಂದ ಮನೆಗೆ ಫೋನ್ ಮಾಡಿದ್ದೆ. ಫೋನಿನಲ್ಲಿ ತುಟಿ ಕಾಣುವುದಿಲ್ಲ. ಹಾಗಾಗಿ ನಾನು ಹೇಳುವುದನ್ನು ಹೇಳಿ, ನಡುನಡುವೆ "ಹೂಂ, ಭೇಷ್" ಎಂದು ಸೇರಿಸಿ ಇಟ್ಟುಬಿಡುತ್ತಿದ್ದೆ. ಮುಖ್ಯವಾದದ್ದು ಏನಿದ್ದರೂ ಹಡಗಿನ ಕಚೇರಿಗೆ ಸಂದೇಶ ಕಳಿಸಬೇಕೆಂದು ಹೆಂಡತಿಗೆ ಹೇಳಿದ್ದೆ. ಅವತ್ತು ಹೆಂಡತಿ ಅಮ್ಮನ ಹತ್ತಿರ ಆಸ್ಪತ್ರೆಯಲ್ಲಿದ್ದಳು, ಫೋನ್ ಎತ್ತಿದ್ದು ಮಗಳು. ಅಜ್ಜಿ ಹೋದರೆಂದು ಮಗು ಬಿಕ್ಕಿ ಬಿಕ್ಕಿ ಹೇಳಿತಂತೆ. ನಾನು ಜೋರಾಗಿ ನಕ್ಕು, "ಭೇಷ್ ಮಗಳೇ! ಹಾಗೇ ಇರ್ಬೇಕು. ಬರ್ತಾ ನಿಂಗೆ ಗೊಂಬೆ ತರ್ತೀನಿ," ಎಂದೆ.

ಮೂರು ವಾರ ಕಳೆದು ಗೊಂಬೆ ಹಿಡಿದುಕೊಂಡು ನಗುನಗುತ್ತಾ ಒಳಗೆ ಬಂದೆ. ಅಮ್ಮನ ಮಂಚ ಖಾಲಿ ಇತ್ತು. ಹೆಂಡತಿ ಕಳಿಸಿದ ಸಂದೇಶ ಹಡಗಿಗೆ ಬಂದಿತ್ತು. ಅಮ್ಮ ಸತ್ತ ಸುದ್ದಿ ಕೇಳಿ ನಾನು ಎಂಜಿನ್ ಬಿಟ್ಟು ಅಳುತ್ತಾ ಕೂತರೆ ಕಷ್ಟವೆಂದು ಸಾಹೇಬರು ಅದನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದರು, ಆ ನಟ್ಟುಗಳ ಜೊತೆ.

ಮಗಳಿಗೆ ಕಿವಿಯ ವಿಷಯ ಹೇಳಿರಲಿಲ್ಲ. ಮಕ್ಕಳು ಸ್ಕೂಲಿನಲ್ಲಿ ಬಾಯಿ ಬಿಡುತ್ತವೆ. ಈ ಕ್ವಾರ್ಟರ್ಸಿನ ಗೋಡೆಗಳಿಗೆ ನನಗಿಂತ ಒಳ್ಳೆಯ ಕಿವಿ.

ಈ ಸಂಜೆ ಊಟಕ್ಕೆ ಕೂತಲ್ಲೇ ತಡೆಯಲಾಗಲಿಲ್ಲ, ಹೇಳಿಬಿಟ್ಟೆ.

"ಮಗಳೇ, ಅವತ್ತು ನಂಗೆ ಕೇಳಿಸ್ಲಿಲ್ಲ ಕಣೇ. ನನ್ನ ಕಿವಿ ಹೋಗಿ ಎಷ್ಟೋ ವರ್ಷ ಆಯ್ತು. ಅಜ್ಜಿ ವಿಷಯ ಹೇಳ್ತಿದೀಯ ಅಂತ ದೇವರಾಣೆಗೂ ಗೊತ್ತಾಗ್ಲಿಲ್ಲ."

ಕಿರುಚಿದೆನೋ ಏನೋ, ಹೆಂಡತಿ ಅಂಗೈ ಕೆಳಗೆ ಮಾಡಿ ಮೆಲ್ಲಗೆ ಎಂದು ಸನ್ನೆ ಮಾಡಿದಳು. ಮಗಳು ಎದ್ದು ಒಳಗೆ ಹೋಗಿ ನನ್ನ ಟ್ರಂಕಿನಿಂದ ಹಳೆಯ ಫೈಲು ತಂದಳು. ಒಂದು ಹಾಳೆ ತೆಗೆದು, ನನ್ನ ಮುಂದೆ ಹಿಡಿದು, ಒಂದು ಸಾಲಿನ ಮೇಲೆ ಬೆರಳಿಟ್ಟಳು. ಶ್ರವಣ: ಉತ್ತಮ. ಡಾಕ್ಟರ ಸಹಿ, ಮೊಹರು. ಅಮ್ಮ ಹೋಗುವುದಕ್ಕೆ ಕೆಲವೇ ತಿಂಗಳ ಮೊದಲಿನ ಕಾಗದ.

ಆಮೇಲೆ ಏನೋ ಹೇಳಿದಳು. ನನಗೆ ಓದಲು ಬರಲಿಲ್ಲ. ಯಾರ್‍ಯಾರದೋ ಹೊಲಸು ಬಾಯಿ ಓದಲು ಕಲಿತ ನನಗೆ ನನ್ನ ಮಗಳ ತುಟಿಯೇ ಬರುವುದಿಲ್ಲ. ಹೆಂಡತಿಯ ಮುಖ ನೋಡಿದೆ. ಅವಳು ಹಿಂದೆಮುಂದೆ ನೋಡಿ, ನನಗೆ ಕಾಣುವಂತೆ ನಿಧಾನವಾಗಿ ಹೇಳಿದಳು.

"ದುಡ್ಡಿಗೆ ಕೇಳ್ಸೋ ಕಿವಿ ಅಜ್ಜಿಗೆ ಯಾಕೆ ಕೇಳಿಸ್ಲಿಲ್ಲ ಅಂತಾಳೆ."

ಮಗಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಗೋಡೆ ಅದುರಿದ್ದರಿಂದ ಬಾಗಿಲು ಬಡಿಯಿತೆಂದು ತಿಳಿಯಿತು.

"ನಾನು ಹೇಳ್ತೀನಿ ಬಿಡಿ ಅವಳಿಗೆ," ಎಂದಳು ಹೆಂಡತಿ. "ನೀವು ನಾಳೆ ಒತ್ತಿ ಬನ್ನಿ. ಇದೊಂದೇ ಸಲ. ಈ ಮನೆ ಹೋದ್ರೆ ಎಲ್ಲಿಗೆ ಹೋಗೋಣ ಹೇಳಿ?"

ಅವಳು ಹೇಳುವುದರಲ್ಲೂ ತಪ್ಪಿರಲಿಲ್ಲ. ಕೈ ತೊಳೆದುಕೊಂಡು ಬಂದು ಫೈಲು ಟ್ರಂಕಿಗೆ ಹಾಕಿದೆ.

ಬೆಳಿಗ್ಗೆ ಡಾಕ್ಟರು ಟೀ ಕುಡಿಯುತ್ತಿದ್ದರು. ಪಕ್ಕದ ಕುರ್ಚಿಯಲ್ಲಿ ಸಾಹೇಬರು ಬೋನಸ್ಸಿನ ಕಾಗದ ತೊಡೆಯ ಮೇಲಿಟ್ಟುಕೊಂಡು ಕಾಲಾಡಿಸುತ್ತಿದ್ದರು.

"ಏನಯ್ಯ ಹಳಬ, ಇನ್ನೂ ಇದೀಯಾ? ಹೋಗಿ ಕೂತ್ಕೋ. ಟೀ ಆರೋದ್ರೊಳಗೆ ಮುಗಿಸೋಣ," ಎಂದರು ಡಾಕ್ಟರು.

ಕೋಣೆಯ ಬಾಗಿಲು ದಪ್ಪ. ಹೆಡ್‌ಫೋನ್ ಹಾಕಿಕೊಂಡೆ. ಕಿವಿಯಲ್ಲಿ ಯಾವಾಗಲೂ ಇರುವ ಗುಂಯ್ ಎನ್ನುವುದೊಂದೇ ಇತ್ತು. ಗಾಜಿನ ಆಚೆ ಪೆನ್ನು ಇಳಿದು ಮೇಜಿಗೆ ತಾಗಿತು. ಹೆಬ್ಬೆರಳು ತನ್ನಷ್ಟಕ್ಕೆ ಒತ್ತಲು ಹೋಯಿತು. ಅಷ್ಟು ಪಳಗಿಬಿಟ್ಟಿದೆ ಹಾಳಾದ್ದು! ಇನ್ನೊಂದು ಕೈಯಿಂದ ಅದನ್ನು ಹಿಡಿದುಕೊಂಡೆ.

ಪೆನ್ನು ಮತ್ತೆ ಇಳಿಯಿತು. ಒತ್ತಲಿಲ್ಲ. ಮೂರನೆಯ ಸಲ ಡಾಕ್ಟರು ಎಷ್ಟು ಜೋರಾಗಿ ಕುಕ್ಕಿದರೆಂದರೆ ಟೀ ತುಳುಕಿತು. ನಾನು ಗುಂಡಿಯನ್ನು ಕಾಣುವಂತೆ ತೊಡೆಯ ಮೇಲಿಟ್ಟು, ಕೈ ಕಟ್ಟಿಕೊಂಡು ಕೂತೆ.

ಸಾಹೇಬರು ಎದ್ದು ಬಂದು ಬಾಗಿಲು ತೆಗೆದರು. ಮುಖ ಕೆಂಪಾಗಿತ್ತು.

"ಒತ್ತೋ ಕಿವುಡ್ ಸೂಳೆಮಗನೇ! ಪೆನ್ನು ಕಾಣಲ್ವೇನೋ?"

"ಕಾಣತ್ತೆ ಸಾಹೇಬ್ರೆ. ಕಣ್ಣು ಚೆನ್ನಾಗಿದೆ."

ಹೆಡ್‌ಫೋನ್ ತೆಗೆದು ಕುರ್ಚಿಯ ಮೇಲಿಟ್ಟೆ. ಅವರನ್ನು ದಾಟಿಕೊಂಡು ಬಂದು ಡಾಕ್ಟರ ಮೇಜಿನ ಮುಂದೆ ನಿಂತೆ.

"ಸಾಹೇಬ್ರು ಈಗ ಕರೆದ್ರಲ್ಲ ಡಾಕ್ಟ್ರೇ, ಅದನ್ನ ಬರೀರಿ. ಸೂಳೆಮಗ ಅನ್ನೋದು ಬೇಡ, ನಮ್ಮಮ್ಮ ಸತ್ತು ನಾಲ್ಕು ವರ್ಷ ಆಯ್ತು. ಕಿವುಡ ಅನ್ನೋದು ಬರೀರಿ. ಎಂಜಿನ್ ಸದ್ದಿಗೆ ಕಿವಿ ಹೋಯ್ತು ಅಂತ ಬರ್ದು ಮೊಹರು ಹಾಕಿ."

ಡಾಕ್ಟರು ಕನ್ನಡಕ ತೆಗೆದರು. "ತಲೆಗಿಲೆ ಕೆಟ್ಟಿದೆಯೇನಯ್ಯ? ಬರೆದ್ರೆ ನಿನ್ನ ಹೊಟ್ಟೆ ಮೇಲೇ ಹೊಡೆತ. ಬೋನಸ್ಸು ಹೋಗತ್ತೆ, ಪಿಂಚಣಿ ಹೋಗತ್ತೆ, ಹೆಂಡ್ತಿ ಮಕ್ಕಳು ಬೀದಿಗೆ ಬರ್ತಾರೆ."

"ಗೊತ್ತು. ಆ ಕಾಗದ ನಂಗೆ ಬೇಕು. ನನ್ನ ಮಗಳಿಗೆ ತೋರಿಸ್ಬೇಕು."

ನನ್ನ ಬೆನ್ನ ಹಿಂದೆ ಸಾಹೇಬರು ಏನೇನೋ ಕೂಗುತ್ತಿದ್ದಿರಬೇಕು. ಡಾಕ್ಟರ ಕಣ್ಣು ನನ್ನ ಭುಜದ ಆಚೆಗೆ ಹೋಗಿ ಹೋಗಿ ಬರುತ್ತಿತ್ತು. ಹಾಳೆ ಅವರ ಮುಂದೆಯೇ ಇತ್ತು. ಶ್ರವಣ ಎಂಬಲ್ಲಿ ಜಾಗ ಖಾಲಿ. ಪೆನ್ನು ಹಾಳೆಯ ಮೇಲೆ ಒಂದಂಗುಲ ಎತ್ತರದಲ್ಲಿ ನಿಂತಿತ್ತು. ನಾನು ಅದನ್ನೇ ನೋಡುತ್ತಾ ನಿಂತೆ.

ಬೆನ್ನಿಗೆ ನಟ್ಟು ಬಂದು ಬಿತ್ತು. ನಾನು ತಿರುಗಲಿಲ್ಲ.