ಎಣ್ಣೆ ಕಾಯುವ ಸದ್ದು

ನೀಲಿ — ಭಟ್ಟಿಯ ಸುತ್ತ ನೀಲಿ ಉರಿ ಒಮ್ಮೆಗೇ ಎದ್ದು ನಿಂತಿತು, ತಾನಾಗಿ ಎದ್ದಿತೇ, ಇಲ್ಲ, ಹಚ್ಚಿದವನು ನಾನೇ, ಹಯಾತ, ಈ ಅಂಗಡಿಯ ಹಯಾತ, ಬಿಸ್ಮಿಲ್ಲಾ ಅಂದದ್ದೂ ನನ್ನದೇ ಬಾಯಿ, ಕಡಾಯಿ ಇನ್ನೂ ಇಟ್ಟಿಲ್ಲ, ಎಣ್ಣೆ ಸುರಿದಿಲ್ಲ, ಸದ್ಯಕ್ಕೆ ಬರೀ ಬೆಂಕಿ, ಬೆಂಕಿಯನ್ನು ನೋಡುತ್ತ ನಿಲ್ಲುವುದೂ ಒಂದು ಕೆಲಸವೇ ರಿ ಎಂದಿದ್ದಾರೆ ಮೃಣಾಲಿನಿ ಅಕ್ಕಾರು, ನಿಂತಿದ್ದೇನೆ, ಎದೆ ಬಡಿದುಕೊಳ್ಳುತ್ತಿದೆ, ಬಡಿದುಕೊಳ್ಳಲಿ, ಅಂಗೈ ತಣ್ಣಗಾಗುತ್ತಿದೆ, ಆಗಲಿ, ಓಡುವುದಿಲ್ಲ. ಹಿಂದೆ ಶಾಹಬಾಜ ಕಡಲೆಹಿಟ್ಟು ನಾದುತ್ತಿದ್ದಾನೆ, ನನ್ನ ತಮ್ಮ, ಎಡಗೈಯಲ್ಲಿ ನಾದುತ್ತಾನೆ, ಬಲಗೈಯನ್ನು ಪರಾತದ ಅಂಚಿಗೆ ಒತ್ತಿಹಿಡಿಯಲಷ್ಟೇ ಬಳಸುತ್ತಾನೆ, ಹಿಟ್ಟಿನ ಸದ್ದು ಕೇಳುತ್ತಿದೆ. ಅಜ್ಜ ಇದೇ ಜಾಗದಲ್ಲಿ ನಿಂತು ಶೇವು-ಖಾರ ಕರಿಯುತ್ತಿದ್ದ, ಅವನಾದ ಮೇಲೆ ಅಬ್ಬಾ ಕರಿದ, ಸವಣೂರಿನ ಖಾರ ಅಂದರೆ ಹುಬ್ಬಳ್ಳಿಯವರೂ ಹುಡುಕಿಕೊಂಡು ಬರುತ್ತಿದ್ದರು, ನಾನೂ ಮೀಸೆ ಮೂಡುವ ಮೊದಲೇ ಶೇವಿನ ಅಚ್ಚು ಹಿಡಿದವನು, ಎಣ್ಣೆಯ ಮೇಲೆ ಅಚ್ಚು ತಿರುಗಿಸುತ್ತ ಪಕ್ಕದ ಅಂಗಡಿಯವನೊಂದಿಗೆ ಹರಟೆ ಹೊಡೆಯುತ್ತಿದ್ದವನು, ಎಣ್ಣೆ ಕಾದಿದೆಯೋ ಇಲ್ಲವೋ ಎಂಬುದನ್ನು ಸದ್ದಿನಿಂದಲೇ ಹೇಳುತ್ತಿದ್ದೆ, ಆ ಸದ್ದೇ ನನಗೆ ವೈರಿಯಾಯಿತು, ಹೋದ ಮಳೆಗಾಲದ ಕೊನೆಗೆ, ಹಾನಗಲ್ಲಿನ ಯಾರದೋ ಮದುವೆಗೆ ಖಾರ ಕಳಿಸಬೇಕಿತ್ತು, ಕಡಾಯಿ ತುಂಬ ಎಣ್ಣೆ, ಭಟ್ಟಿಯ ಒಂದು ಕಾಲನ್ನು ಒಳಗಿಂದೊಳಗೇ ತುಕ್ಕು ತಿಂದಿತ್ತು, ಹೊರಗೆ ಬಣ್ಣ ಚೆನ್ನಾಗಿಯೇ ಇತ್ತು, ಯಾರಿಗೆ ಗೊತ್ತಾಗಬೇಕು, ಕಟ್ ಎಂದು ಒಂದು ಸಣ್ಣ ಸಪ್ಪಳ, ಕಡಾಯಿ ನನ್ನ ಕಡೆಗೆ ವಾಲಿತು, ವಾಲುವುದನ್ನು ನೋಡುತ್ತ ನಿಂತೆ, ಕಾಲು ಏಳಲಿಲ್ಲ — ಪಕ್ಕದಿಂದ ಶಾಹಬಾಜ ನುಗ್ಗಿ ಬಂದ, ಬರಿಗೈಯಿಂದ ಕಡಾಯಿಯ ಅಂಚನ್ನು ಆಚೆ ನೂಕಿದ, ನನ್ನ ಹೊಟ್ಟೆಯ ಮೇಲೆ ಬೀಳಬೇಕಾದ ಎಣ್ಣೆ ಅವನ ಬಲಗೈಯ ಮೇಲೆ ಹರಿಯಿತು. ಅವನು ಕೂಗಲಿಲ್ಲ. ನೆಲದ ಮೇಲೆ ಹರಿದ ಎಣ್ಣೆ ಮಾತ್ರ ಸುಂಯ್ ಎನ್ನುತ್ತಲೇ ಇತ್ತು.

ಕಡಾಯಿ ಎತ್ತಿಡುತ್ತೇನೆ, ಭಾರ ಗೊತ್ತಾಗುತ್ತಿದೆ, ಗೊತ್ತಾಗುವುದು ಒಳ್ಳೆಯದು, ಭಟ್ಟಿ ಅಲುಗುವುದಿಲ್ಲ, ಇದು ಹೊಸದು, ಗೌಂಡಿ ಬೀರಪ್ಪ ಇದರ ಕಾಲುಗಳನ್ನು ಸಿಮೆಂಟಿನಲ್ಲಿ ಹೂತಿದ್ದಾನೆ, ಆನಿ ಗುದ್ದಿದ್ರೂ ಹಂದಂಗಿಲ್ಲ ಹಯಾತಭಾಯಿ ಎಂದು ಕಾಲಿನಿಂದ ಒದ್ದು ತೋರಿಸಿದ, ಬುದ್ಧಿಗೆ ಅದೆಲ್ಲ ತಿಳಿಯುತ್ತದೆ, ಮೈಗೆ ಯಾರು ಹೇಳಬೇಕು. ಶಾಹಬಾಜ ಹುಬ್ಬಳ್ಳಿಯ ಆಸ್ಪತ್ರೆಯಿಂದ ಮನೆಗೆ ಬಂದ, ಅವನ ಕೈಯ ಚರ್ಮ ಗಂಟುಗಂಟಾಗಿ ಕೂಡಿಕೊಂಡಿತು, ಸುಡದೆ ಉಳಿದ ನಾನು ಹಾಸಿಗೆ ಹಿಡಿದೆ. ಮನೆಯಲ್ಲಿ ಹೆಂಡತಿ ಗುಲ್ನಾಜ ಒಗ್ಗರಣೆ ಹಾಕಿದರೆ ನಾನು ಅಂಗಳಕ್ಕೆ ಓಡುತ್ತಿದ್ದೆ, ಸಾಸಿವೆ ಚಟಪಟ ಅಂದರೆ ಎದೆಯ ಮೇಲೆ ಯಾರೋ ಕುಂತ ಹಾಗೆ, ಉಸಿರು ಮೇಲಕ್ಕೆ ಬಾರದು, ಕೈ ಜೋಮು ಹಿಡಿಯುವುದು, ಇವತ್ತಿಗೆ ಮುಗಿಯಿತು ಅನ್ನಿಸುವುದು. ಅಮ್ಮೀ ದೃಷ್ಟಿ ತೆಗೆದಳು, ದರ್ಗಾದಿಂದ ನೀರು ತಂದು ಕುಡಿಸಿದಳು, ಕುಡಿದೆ, ಆ ರಾತ್ರಿ ನಿದ್ದೆಯೂ ಬಂತು, ಬೆಳಿಗ್ಗೆ ಪಕ್ಕದ ಮನೆಯವರು ಬಜ್ಜಿ ಕರಿದರು, ಮತ್ತೆ ಅಂಗಳ. ಶಿಗ್ಗಾಂವಿಯ ಡಾಕ್ಟರು ಎದೆಗೆ ವೈರು ಅಂಟಿಸಿ ಪಟ್ಟಿ ತೆಗೆದು ನೋಡಿದರು, ಎದಿ ಗಟ್ಟಿ ಐತಿ ತಮ್ಮಾ, ಅಂಜಿಕಿ ಒಳಗ ಹೊಕ್ಕೈತಿ, ಅದಕ್ಕೂ ಔಷಧ ಐತಿ, ಆದರ ಮೊದಲು ಮನಸಿನ ಜಡ್ಡು ನೋಡೋ ಮೃಣಾಲಿನಿಯವರ ಕಡೆ ಹೋಗು, ಇದೇ ಓಣಿಯಾಗ ಕುಂದರ್ತಾರ ಅಂದರು. ಅಂಜಿಕೆ ಎಂದು ಬಾಯಿಬಿಟ್ಟು ಹೇಳಿದರಲ್ಲ ಎಂದು ನನಗೆ ನಾಚಿಕೆ, ಸವಣೂರಿನಲ್ಲಿ ಯಾರಿಗೂ ಹೇಳಲಿಲ್ಲ, ಗುಲ್ನಾಜಳಿಗೆ ಮಾತ್ರ ಹೇಳಿ ಬಸ್ ಹತ್ತಿದೆ.

ಎಣ್ಣೆ ಸುರಿಯುತ್ತೇನೆ, ತಣ್ಣನೆಯ ಎಣ್ಣೆಗೆ ಸದ್ದಿಲ್ಲ, ನೀರಿನ ಹಾಗೆ ಸುಮ್ಮನಿದೆ, ಈಗಲೇ ಬೆನ್ನಲ್ಲಿ ಬೆವರು. ಶಿಗ್ಗಾಂವಿಯ ಆ ಕೋಣೆಯಲ್ಲಿ ಒಂದು ಮೇಜು, ಅದರ ಮೇಲೆ ಕಂಪ್ಯೂಟರು, ಮಠದ ಓಣಿಯ ಹೆಣ್ಣುಮಗಳಂತೆ ಹಣೆಗೆ ಸಣ್ಣ ಕುಂಕುಮ ಇಟ್ಟುಕೊಂಡ ಅಕ್ಕಾರು, ಕುಂದ್ರಿ ಹಯಾತಭಾಯಿ, ವರ್ಷಗಟ್ಲೆ ಬರೋದು ಬ್ಯಾಡ, ಕೆಲವೇ ಸಲ ಬಂದ್ರ ಸಾಕು, ನಡುವಿನ ದಿವಸ ಇದು ನಿಮ್ಮ ಸಂಗಾಟ ಇರ್ತೈತಿ ಎಂದು ಕಂಪ್ಯೂಟರನ್ನು ತೋರಿಸಿದರು, ಅದೇ ಪ್ರೋಗ್ರಾಮನ್ನು ನನ್ನ ಫೋನಿಗೂ ಹಾಕಿಕೊಟ್ಟರು. ಈ ಮಿಶಿನ್ನು ನನಗ ಆರಾಮ ಮಾಡ್ತೈತೇನ್ರಿ ಎಂದೆ, ನಗುತ್ತಲೇ ಕೇಳಿದೆ, ಅವರು ನಗಲಿಲ್ಲ, ಇಲ್ರಿ, ಮಾಡ್ಕೊಳ್ಳೋರು ನೀವು, ಇದು ಎಷ್ಟು ಸರತಿ ಕೇಳಿದ್ರೂ ಬ್ಯಾಸರ ಇಲ್ದ ಮತ್ತ ಹೇಳ್ತೈತಿ, ಅಷ್ಟ. ಪರದೆಯ ಮೇಲೆ ಒಂದು ಹಸಿರು ದುಂಡು, ಅದು ಹಿಗ್ಗಿದಾಗ ಉಸಿರು ಎಳೆದುಕೊಳ್ಳಬೇಕು, ಕುಗ್ಗಿದಾಗ ಬಿಡಬೇಕು, ಆಮೇಲೆ ಚಿತ್ರಗಳು, ಆರಿದ ಒಲೆ, ಉರಿಯುವ ಒಲೆ, ಕಡಾಯಿ, ಎಣ್ಣೆ, ಪ್ರತಿ ಚಿತ್ರ ಆದಮೇಲೂ ಒಂದು ಹೆಂಗಸಿನ ದನಿ, ಟೀವಿಯಲ್ಲಿ ವಾರ್ತೆ ಓದುವವರ ದನಿ, ನಿಮ್ಮ ಆತಂಕದ ಪ್ರಮಾಣವನ್ನು ಸೊನ್ನೆಯಿಂದ ಹತ್ತರವರೆಗೆ ಗುರುತಿಸಿ. ಆತಂಕದ ಪ್ರಮಾಣವಂತೆ. ನನಗೆ ಸಿಟ್ಟು ಬಂತು, ಬೇಗ ಮುಗಿಯಲಿ ಎಂದು ಮನೆಯಲ್ಲಿ ಕೂತು ಎಲ್ಲದಕ್ಕೂ ಒಂದು, ಎರಡು ಎಂದು ಒತ್ತುತ್ತ ಹೋದೆ, ಅದಕ್ಕೇನು ಗೊತ್ತು, ನಂಬಿತು, ಇವನಿಗೆ ಅಂಜಿಕೆ ಇಲ್ಲ ಎಂದುಕೊಂಡು ಒಂದೇ ಹೊಡೆತಕ್ಕೆ ಎಣ್ಣೆ ಕುದಿಯುವ ಸದ್ದು ಹಾಕಿಬಿಟ್ಟಿತು, ಕಿವಿಯ ಹೆಡ್‌ಫೋನು ಕಿತ್ತೆಸೆದೆ, ಅದು ಗೋಡೆಗೆ ಬಡಿದು ಬಿತ್ತು. ಅಕ್ಕಾರಿಗೆ ಹೇಳಿದಾಗ ಬೈಯಲಿಲ್ಲ, ಸುಳ್ಳು ಒತ್ತಿದ್ರ ಅದಕ್ಕೇನೂ ಲುಕ್ಸಾನಿಲ್ರಿ, ನಿಮಗ ಐತಿ, ಒಂಬತ್ತು ಇದ್ರ ಒಂಬತ್ತು ಅನ್ರಿ, ಒಂಬತ್ತು ಅನ್ನಾಕೂ ಧೈರ್ಯ ಬೇಕು ಎಂದರು. ಮತ್ತೆ ಆರಿದ ಒಲೆಯಿಂದ ಶುರು. ಆ ವಾರ್ತೆಯ ದನಿ ಬ್ಯಾಡ್ರಿ ಅಕ್ಕಾರ, ಅದು ಮಾತಾಡಿದ್ರ ನನಗ ಸಾಲಿ ಮಾಸ್ತರ ಬಂದಂಗಾಗ್ತೈತಿ ಎಂದೆ, ಹಂಗಾದ್ರ ನಿಮಗ ಯಾರ ದನಿ ಬೇಕು ಅಂದರು. ಗುಲ್ನಾಜ ಹಂಸಭಾವಿಯ ಹೆಣ್ಣು, ನಮ್ಮ ಮನೆಯ ಉರ್ದುವಿಗಿಂತ ಕನ್ನಡವೇ ಅವಳ ಬಾಯಿಗೆ ಸಲೀಸು, ಅಕ್ಕಾರು ಬರೆದುಕೊಟ್ಟದ್ದನ್ನು ಓದದೆ ಅವಳೇ ಫೋನು ಹಿಡಿದು ಹೇಳಿದಳು, ಸಾವಕಾಶ ಉಸಿರು ತಗೋರಿ, ಎಲ್ಲಿಗೂ ಓಡಬ್ಯಾಡ್ರಿ, ನಾ ಇಲ್ಲೇ ಅದೇನಿ, ಈಗ ಹೇಳ್ರಿ, ಎಷ್ಟ್ ಅಂಜಿಕಿ ಬರಾಕತ್ತೈತಿ? ಅಕ್ಕಾರು ಅದನ್ನೇ ಒಳಗೆ ಹಾಕಿಸಿದರು. ಎಣ್ಣೆಯ ಸದ್ದನ್ನೂ ಗುಲ್ನಾಜಳೇ ಪಕ್ಕದ ಮನೆಯ ಒಲೆಯ ಮುಂದೆ ಹಿಡಿದು ತಂದಳು, ಮೊದಲು ದೂರದಿಂದ, ಆಮೇಲೆ ಹತ್ತಿರದಿಂದ. ಬಾಗಿಲು ಹಾಕಿಕೊಂಡು ದಿನಾ ಕೇಳಿದೆ, ಒಂಬತ್ತು, ಒಂಬತ್ತು, ಎಂಟು, ಮತ್ತೆ ಒಂಬತ್ತು, ಒಂದು ಮಧ್ಯಾಹ್ನ ಆರು. ಕಡಿಮೆಯಾಗುವ ತನಕ ಎದ್ದು ಹೋಗಬಾರದು ಎಂಬುದೊಂದೇ ಕಟ್ಟಳೆ, ಕೂತೆ, ಹಲ್ಲು ಕಚ್ಚಿ ಕೂತೆ.

ಎಣ್ಣೆಯ ಮೈಯಲ್ಲಿ ಸಣ್ಣ ಸಣ್ಣ ಎಳೆಗಳು ಏಳುತ್ತಿವೆ, ಬಿಸಿ ಹತ್ತುತ್ತಿದೆ, ಭಾಯಿ, ಹಿಟ್ಟು ಆತು ಎಂದ ಶಾಹಬಾಜ, ಹೂಂ ಎಂದೆ. ಅವನ ದನಿಯಲ್ಲಿ ಈಗ ಆ ಸಿಟ್ಟಿಲ್ಲ, ಆಗ ಇತ್ತು. ಕೈ ಮಾಯುತ್ತಲೇ ಅವನು ಭಟ್ಟಿಯ ಮುರಿದ ಕಾಲಿಗೆ ಬೆಸುಗೆ ಹಾಕಿಸಿ ಅಂಗಡಿ ತೆರೆದ, ಎಡಗೈಯಲ್ಲಿ ಅಚ್ಚು ತಿರುಗಿಸಲು ಕಲಿತ, ಶೇವು ಕೆಲವೊಮ್ಮೆ ಕರಕಲು, ಕೆಲವೊಮ್ಮೆ ಹಸಿ, ಎಲೆ ಮಾರುವ ಫಕ್ಕೀರವ್ವ ಬಾಯಿಗೆ ಹಾಕಿಕೊಂಡು ಮುಖ ಕಿವುಚಿ, ಹಯಾತಪ್ಪ ಎಲ್ಲಿ ಹೋದ, ನಿಮ್ಮ ಖಾರ ಮೊದಲಿನಂಗಿಲ್ಲ ನೋಡು ಅಂದಳಂತೆ, ಅಂದ ದಿವಸ ಅವನು ಮನೆಗೆ ಬಂದವನೇ ನನ್ನ ಕೋಣೆಯ ಬಾಗಿಲು ದೂಡಿದ, ಕಿವಿಯಲ್ಲಿ ಹೆಡ್‌ಫೋನು ಹಾಕಿಕೊಂಡು ಕಣ್ಣು ಮುಚ್ಚಿ ಕೂತಿದ್ದ ನನ್ನನ್ನು ನೋಡಿದ, ಹಾಡು ಕೇಳಾಕತ್ತೀಯೇನು, ಎಣ್ಣಿ ಬಿದ್ದದ್ದು ನನ್ನ ಕೈ ಮ್ಯಾಲೆ ಭಾಯಿ, ಜಡ್ಡು ನಿನಗ ಬಂತಾ? ಅಮ್ಮೀ ನಡುವೆ ಬಂದಳು, ಗುಲ್ನಾಜ ಅಳತೊಡಗಿದಳು, ಅವನು ಅಂದದ್ದರಲ್ಲಿ ಸುಳ್ಳು ಎಲ್ಲಿದೆ. ನಾಳೆ ನನ್ನ ಸಂಗಾಟ ಶಿಗ್ಗಾಂವಿಗೆ ಬಾ, ನಾ ಏನು ಮಾಡಾಕತ್ತೇನಿ ಅನ್ನೋದು ನೋಡು, ನೋಡಿದ ಮ್ಯಾಲೆ ಬೇಕಾದಷ್ಟು ಬೈ ಎಂದೆ. ಬಂದ. ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತ. ಅಕ್ಕಾರು ಎಲ್ಲ ಬಿಡಿಸಿ ಹೇಳಿದರು, ಅವನು ಗೋಡೆ ನೋಡುತ್ತಿದ್ದ, ನೀವೂ ಒಮ್ಮೆ ಕೇಳ್ತೀರೇನ್ರಿ, ಒತ್ತಾಯ ಇಲ್ಲ, ಬ್ಯಾಡ ಅಂದ್ರ ಬ್ಯಾಡ ಅಂದರು, ಇದನ್ನೇನು ಕೇಳೋದ್ರಿ, ದಿನಾ ಅದರ ಮುಂದ ನಿಂತಿರ್ತೇನಿ ಎಂದು ನಕ್ಕು ಹೆಡ್‌ಫೋನು ಹಾಕಿಕೊಂಡ. ಹಸಿರು ದುಂಡು ಹಿಗ್ಗಿತು, ಕುಗ್ಗಿತು, ಆರಿದ ಒಲೆ, ಉರಿಯುವ ಒಲೆ, ಅವನು ನನ್ನ ಕಡೆ ನೋಡಿ ಹುಬ್ಬು ಹಾರಿಸಿದ, ಇಷ್ಟಕ್ಕೇನಾ ಎಂಬಂತೆ. ಆಮೇಲೆ ಸದ್ದು ಬಂದಿರಬೇಕು. ನನಗೆ ಕೇಳಿಸುತ್ತಿರಲಿಲ್ಲ, ಅವನ ಮುಖವಷ್ಟೇ ಕಾಣುತ್ತಿತ್ತು, ನಗು ಹಾಗೇ ಉಳಿದಿತ್ತು, ಅದರ ಕೆಳಗಿನ ರಕ್ತ ಇಳಿದು ಹೋಗುತ್ತಿತ್ತು, ಮಾಡಲು ಕೆಲಸವಿಲ್ಲ, ತಿರುಗಿಸಲು ಅಚ್ಚಿಲ್ಲ, ಬೈಯಲು ಗಿರಾಕಿಯಿಲ್ಲ, ಕುರ್ಚಿಯಲ್ಲಿ ಸುಮ್ಮನೆ ಕೂತ ಅವನು ಸುಟ್ಟ ಕೈಯನ್ನು ಎಡಗೈಯಿಂದ ಮುಚ್ಚಿಕೊಂಡ. ಎಷ್ಟ್ ಅಂಜಿಕಿ ಬರಾಕತ್ತೈತಿ ಎಂದು ಗುಲ್ನಾಜ ಅವನ ಕಿವಿಯಲ್ಲಿ ಕೇಳಿರಬೇಕು, ಭಾಭಿಯ ದನಿಗೆ ಸುಳ್ಳು ಹೇಳಲಾಗಲಿಲ್ಲವೋ ಏನೋ, ಎಡಗೈಯಿಂದ ಮೌಸು ಸರಿಸಿದ, ಸರಿಸಿದ, ಕೊನೆಯ ತನಕ ಸರಿಸಿ ಹತ್ತು ಒತ್ತಿದ. ಮುಂದಿನದು ಬ್ಯಾಡ್ರಿ ಅಕ್ಕಾರ ಎಂದ, ಸಣ್ಣ ದನಿಯಲ್ಲಿ. ಬ್ಯಾಡ, ಇಲ್ಲಿಗೇ ಸಾಕು ಎಂದು ಅಕ್ಕಾರು ಸದ್ದು ನಿಲ್ಲಿಸಿದರು, ನೀರು ಕೊಟ್ಟರು, ಅವನು ಕುಡಿಯಲಿಲ್ಲ, ಲೋಟವನ್ನು ಸುಟ್ಟ ಅಂಗೈಗೆ ಒತ್ತಿಕೊಂಡು ಕೂತ.

ತಿರುಗಿ ಬರುವಾಗ ಒಂದೇ ಸೀಟು. ಹೊರಗೆ ಗೋವಿನಜೋಳದ ಹೊಲಗಳು ಓಡುತ್ತಿದ್ದವು, ಭಟ್ಟಿ ಹಚ್ಚೂಮುಂದ ದಿನಾ ಕಣ್ಣು ಮುಚ್ಕೋತೇನಿ ಭಾಯಿ ಎಂದ. ಯಾಕ ಹೇಳಲಿಲ್ಲೋ ಹುಚ್ಚಾ ಎಂದೆ. ನೀ ಮಲಕೊಂಡಿದ್ದಿ, ನಾನೂ ಮಲಕೊಂಡಿದ್ರ ಅಮ್ಮೀ ಏನು ಮಾಡಬೇಕಿತ್ತು? ಅಲ್ಲಿಯ ತನಕ ನನ್ನ ಎದೆ ನೆಟ್ಟಗಾಗಲಿ ಎಂದು ಅಭ್ಯಾಸ ಮಾಡುತ್ತಿದ್ದೆ, ಆ ಸೀಟಿನಲ್ಲಿ ಕೂತಾಗ ಅದು ಬದಲಾಯಿತು, ಅವನು ಆ ಭಟ್ಟಿಯ ಮುಂದಿನಿಂದ ಸರಿಯಬೇಕು, ಸರಿಯಬೇಕಾದರೆ ಅಲ್ಲಿ ನಾನು ನಿಲ್ಲಬೇಕು, ಎದೆ ನೆಟ್ಟಗಾದ ಮೇಲೆ ಅಲ್ಲ, ಬಡಿದುಕೊಳ್ಳುತ್ತಿರುವಾಗಲೇ. ಅಕ್ಕಾರು ಅವನ ಹೆಸರಿಗೂ ಪ್ರೋಗ್ರಾಮಿನಲ್ಲಿ ಬೇರೆ ಖಾತೆ ತೆರೆದರು, ಅವನ ದಾರಿ ಅವನದು, ಆರಿದ ಒಲೆಯಿಂದಲೇ ಶುರು. ಬೀರಪ್ಪನನ್ನು ಕರೆಸಿದೆ. ಹಳೆಯ ಭಟ್ಟಿಯನ್ನು ಗುಜರಿಗೆ ಹಾಕಿದೆ. ಮೊದಲು ಅಂಗಡಿಯ ಬಾಗಿಲಲ್ಲಿ ನಿಂತೆ, ಆಮೇಲೆ ಒಳಗೆ, ಆಮೇಲೆ ಭಟ್ಟಿಯ ಪಕ್ಕದಲ್ಲಿ ಹಿಟ್ಟು ಜರಡಿ ಹಿಡಿದೆ, ನಿನ್ನೆ ಶಾಹಬಾಜನಿಗೆ, ನಾಳೆ ಭಟ್ಟಿ ನಾ ಹಚ್ತೇನಿ ಎಂದು ಹೇಳಿದೆ, ಅವನು ಬೇಡ ಅನ್ನಲಿಲ್ಲ.

ಬಂತು, ಸದ್ದು ಬಂತು, ಒಂದು ಚೂರು ಹಿಟ್ಟು ಹಾಕಿ ನೋಡಿದೆ, ತಳಕ್ಕೆ ಹೋಗಿ ಮೇಲೆದ್ದು ಸುಂಯ್ ಎನ್ನತೊಡಗಿತು, ಕಿವಿಯಲ್ಲಿ ಅಲ್ಲ ಇದು, ಮುಖಕ್ಕೆ ಹಬೆ ಹೊಡೆಯುತ್ತಿದೆ, ಗುಲ್ನಾಜ ಸದ್ದು ಹಿಡಿದು ತಂದಳು, ಹಬೆಯನ್ನು ತರಲಾಗಲಿಲ್ಲ, ಎಷ್ಟು ಈಗ, ಎಂಟು, ಸುಳ್ಳು ಬೇಡ, ಒಂಬತ್ತು, ಕಡಾಯಿ ವಾಲಿತು — ಇಲ್ಲ, ವಾಲಿಲ್ಲ, ಅದು ಅಂದಿನದು, ಇದು ಇಂದಿನ ಕಡಾಯಿ, ಕಾಲು ಹಿಂದಕ್ಕೆ ಎಳೆಯುತ್ತಿದೆ, ಎಳೆಯಲಿ, ಬಿಡು ಉಸಿರು, ಉದ್ದಕ್ಕೆ ಬಿಡು, ಫೋನು ಮನೆಯಲ್ಲೇ ಬಿಟ್ಟು ಬಂದಿದ್ದೇನೆ, ಬೇಕೆಂದೇ ಬಿಟ್ಟಿದ್ದೇನೆ, ಅಚ್ಚು ಕೊಡೋ ಎಂದೆ, ಶಾಹಬಾಜ ಹಿಟ್ಟು ತುಂಬಿದ ಅಚ್ಚನ್ನು ಎರಡೂ ಕೈಯಿಂದ ಕೊಟ್ಟ, ಎಣ್ಣೆಯ ಮೇಲೆ ಹಿಡಿದೆ, ತಿರುಗಿಸಿದೆ, ಎಳೆಗಳು ಇಳಿದವು, ನೊರೆ ಕಡಾಯಿಯ ಅಂಚಿನ ತನಕ ಉಕ್ಕಿ ಬಂತು, ನಿಂತೇ ಇದ್ದೇನೆ, ನೊರೆ ಕುಗ್ಗುತ್ತಿದೆ, ಏಳು, ಕೈ ತಾನಾಗಿಯೇ ಸುತ್ತುತ್ತಿದೆ, ಕೈಗೆ ಎಲ್ಲ ನೆನಪಿದೆ, ಆರು, ತಿರುವಿ ಹಾಕಿದೆ, ಬಂಗಾರದ ಬಣ್ಣ, ಜಾಲರಿ ಸೌಟಿನಿಂದ ಎತ್ತಿ ತಟ್ಟೆಗೆ ಹಾಕಿದೆ. ಹಬೆಯಾಡುವ ಶೇವನ್ನು ಮುರಿದು ಬಾಯಿಗೆ ಹಾಕಿಕೊಂಡ ಶಾಹಬಾಜ, ಉಪ್ಪು ಕಮ್ಮಿ ಆಗೇತಿ ಭಾಯಿ ಎಂದ. ನಾದಿದಾಂವ ನೀನಽ ಅಲ್ಲೇನೋ ಎಂದೆ. ಹೌದಲ್ಲ ಎಂದು ಅವನು ನಕ್ಕ, ನಾನೂ ನಕ್ಕೆ, ಎರಡನೆಯ ಸಲ ಅಚ್ಚು ತುಂಬಿ ಎಣ್ಣೆಗೆ ಇಳಿಸಿದೆ, ಮತ್ತೆ ಸುಂಯ್ ಎಂದಿತು, ಇನ್ನೂ ಜೋರಾಗಿ, ಅಂಗಡಿ ತುಂಬ, ಅವನು ಬೆಚ್ಚಿರಬೇಕು ಎಂದು ತಿರುಗಿ ನೋಡಿದೆ — ತಟ್ಟೆ ಹಿಡಿದು ಹೊಸ್ತಿಲ ಮೇಲೆ ಹೋಗಿ ಕೂತಿದ್ದಾನೆ, ಬೀದಿಯ ಕಡೆ ಮುಖ ಮಾಡಿ, ತಿನ್ನುತ್ತಿದ್ದಾನೆ, ಆ ದಿವಸದ ನಂತರ ಅವನು ಭಟ್ಟಿಗೆ ಬೆನ್ನು ಮಾಡಿ ಕೂತದ್ದನ್ನು ನಾನು ನೋಡಿಲ್ಲ, ಯಾರೂ ನೋಡಿಲ್ಲ, ಎಣ್ಣೆ ಕೂಗುತ್ತಿದೆ, ಅವನು ತಿರುಗುತ್ತಿಲ್ಲ, ಅಂಗಿ ಬೆವರಿಗೆ ಅಂಟಿಕೊಂಡಿದೆ, ಹೆಗಲು ಇಳಿಬಿದ್ದಿದೆ, ಆ ಬೆನ್ನು, ನನ್ನ ಕಡೆಗೆ, ಬೆಂಕಿಯ ಕಡೆಗೆ, ಶಾಹಬಾಜನ ಬೆನ್ನು.